ಸಾವಿನ ಮನೆಯಲ್ಲಿ ‘ಅಳಬ್ಯಾಡವ್ವ’ ಅನ್ನುವವರಿಗೆ

ಮೊನ್ನೆ ಬೀದರ್‌ನಲ್ಲಿ ಒಂದು ಮಣ್ಣಿಗೆ ಹೋಗಿ ಬಂದಾಗಿನಿಂದ ಸಿಟ್ಟು ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. 24 ವರ್ಷದ ಹುಡುಗ. ತಾಯಿ ಶವಪೆಟ್ಟಿಗೆಯ ಅಂಚು ಹಿಡಿದುಕೊಂಡು, ನಮ್ಮ ಕಡೆ ಹೆಣ್ಣುಮಕ್ಕಳು ಅಳುವ ಹಾಗೆಯೇ, ಹಾಡ್ಯಾಡಿ ಅಳುತ್ತಿದ್ದಳು. “ಬಿಸಿ ರೊಟ್ಟೀನೇ ಬೇಕಂತಿದ್ಯಲ್ಲೋ ನನ್ನಪ್ಪಾ, ಇನ್ನ ಯಾರಿಗಿ ರೊಟ್ಟಿ ಬಡೀಲೋ...” ಮೂರನೇ ಸಾಲಿಗೆ ಬರುವಷ್ಟರಲ್ಲಿ ನಮ್ಮ ಕ್ರೈಸ್ತ ಸಭೆಯ (ಚರ್ಚಿನ) ಹಿರಿಯರೊಬ್ಬರು ಬಂದು ಬಗ್ಗಿ ಹೇಳಿದರು: “ಅಳಬ್ಯಾಡವ್ವ. ವಿಶ್ವಾಸಿ ಇದ್ದಾಕಿ ಹಿಂಗ ಹಾಡ್ಯಾಡಿ ಅಳಬಾರದು. ದೇವರ ಚಿತ್ತ ಅದಾ. ಇದರಾಗ ಏನರ ಒಂದು ಉದ್ದೇಶ ಇರತದ.” ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಣ್ಣಾಗುವ ತನಕ ಮತ್ತೆ ದನಿ ಬರಲಿಲ್ಲ. ಪಕ್ಕದಲ್ಲಿದ್ದವರು “ಎಷ್ಟು ಗಟ್ಟಿ ವಿಶ್ವಾಸ ನೋಡ್ರಿ” ಅಂದರು.

ಆ ಹಿರಿಯರು ಕೆಟ್ಟವರಲ್ಲ. ರಾತ್ರಿಯೆಲ್ಲ ಆ ಮನೆಯಲ್ಲೇ ಕೂತಿದ್ದವರು, ಪೆಟ್ಟಿಗೆಗೆ ಓಡಾಡಿದವರು. ಆದರೆ ಆ ತಾಯಿಯ ಬಾಯಿ ಮುಚ್ಚಿಸಲು ಅವರಿಗೆ ಸತ್ಯವೇದ (ಬೈಬಲ್) ಅಧಿಕಾರ ಕೊಟ್ಟಿಲ್ಲ. ಕೊಟ್ಟಿದೆ ಅಂತ ನಮ್ಮ ಸಭೆಗಳಲ್ಲಿ ಎಲ್ಲರೂ ನಂಬಿಕೊಂಡು ಕೂತಿದ್ದೇವೆ. ನನ್ನ ಸಿಟ್ಟು ಅದರ ಮೇಲೆ.

ಹಾಡ್ಯಾಡಿ ಅಳುವುದು ‘ಅನ್ಯರ ಪದ್ಧತಿ’ ಅನ್ನುವವರು ಯೆರೆಮೀಯ 9ನೇ ಅಧ್ಯಾಯ 17ರಿಂದ 20ರ ತನಕ ಒಮ್ಮೆ ತೆರೆದು ನೋಡಿ. ಗೋಳಾಡಿ ಹಾಡುವ ಹೆಂಗಸರನ್ನು ಕರೆಯಿಸಿರಿ, ಅದರಲ್ಲಿ ನುರಿತವರನ್ನು ಕರೆಯಿಸಿರಿ, ನಿಮ್ಮ ಹೆಣ್ಣುಮಕ್ಕಳಿಗೂ ಆ ಹಾಡು ಕಲಿಸಿರಿ ಅಂತ ಅಲ್ಲಿ ಹೇಳುತ್ತಿರುವವನು ದೇವರೇ. ಪ್ರಲಾಪಗಳು ಅಂತ ಒಂದು ಪುಸ್ತಕವೇ ಇದೆ. ಐದು ಅಧ್ಯಾಯ. ಮೊದಲ ನಾಲ್ಕು ಅಧ್ಯಾಯಗಳು ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳನ್ನು ಹಿಡಿದು ನಡೆಯುತ್ತವೆ. ಮೂರನೆಯದರಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರು ವಚನ, ಒಟ್ಟು 66. ಅಂದರೆ ದುಃಖವನ್ನು ಅ ಇಂದ ಳ ತನಕ, ಒಂದಕ್ಷರವನ್ನೂ ಬಿಡದೆ ಅತ್ತು ಮುಗಿಸಿದ್ದಾರೆ. ‘ಆತನ ಕರುಣೆ ದಿನದಿನವೂ ಹೊಸದು’ ಅನ್ನುವ ಮಾತು, ನಾವು ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿಕೊಳ್ಳುವುದು, ಈ ಅಳುವಿನ ನಟ್ಟನಡುವೆ ಬರುತ್ತದೆ. ಅದಾದ ಮೇಲೂ ಅಳು ನಿಲ್ಲುವುದಿಲ್ಲ, ಇನ್ನೂ ಎರಡು ಅಧ್ಯಾಯ ಇದೆ.

ಹೊಸ ಒಡಂಬಡಿಕೆಯಲ್ಲಿ ಹಾಗಿಲ್ಲ ಅನ್ನುತ್ತೀರಾ? ಸ್ತೆಫನನನ್ನು ಕಲ್ಲೆಸೆದು ಕೊಂದಾಗ ದೈವಭಕ್ತರೇ ಅವನನ್ನು ಹೂಣಿಟ್ಟು ಬಹಳವಾಗಿ ಗೋಳಾಡಿದರು, ಅಪೊಸ್ತಲರ ಕೃತ್ಯಗಳು 8:2. ಗೆಳೆಯ ಲಾಜರನ ಸಮಾಧಿಗೆ ಹೊರಟ ಯೇಸುಸ್ವಾಮಿಗೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿತ್ತು, ಆದರೂ ಅತ್ತನು. ‘ನೀನು ಇಲ್ಲಿ ಇದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ’ ಅಂತ ಲಾಜರನ ಒಡಹುಟ್ಟಿದವರು, ಮೊದಲು ಮಾರ್ಥಳು, ಆಮೇಲೆ ಮರಿಯಳು, ಇಬ್ಬರೂ ಮುಖಕ್ಕೇ ಹೇಳಿದರು. ಇಬ್ಬರಲ್ಲಿ ಯಾರನ್ನೂ ಆತ ಗದರಿಸಲಿಲ್ಲ. ಇಬ್ರಿಯರಿಗೆ 5:7ರಲ್ಲಿ ಯೇಸು ಬಲವಾಗಿ ಕೂಗುತ್ತ ಕಣ್ಣೀರಿಡುತ್ತ ಪ್ರಾರ್ಥಿಸಿದನು ಅಂತ ಬರೆದಿದೆ. ಕೂಗುತ್ತ! ನಮ್ಮ ಹಿರಿಯರು ಆತನ ಹೆಗಲ ಮೇಲೂ ಕೈಯಿಟ್ಟು ‘ಸುಮ್ಮನಿರು’ ಅನ್ನುತ್ತಿದ್ದರೇನು?

ಇದಕ್ಕೆ ತಪ್ಪದೆ ಎದುರಿಡುವ ವಚನ 1 ಥೆಸಲೋನಿಕ 4:13. ಅದರಲ್ಲಿ ‘ನಿರೀಕ್ಷೆಯಿಲ್ಲದ ಇತರರಂತೆ ದುಃಖಿಸಬೇಡಿ’ ಅಂತಿದೆ. ‘ದುಃಖಿಸಬೇಡಿ’ ಅಂತ ಅಲ್ಲಿಗೇ ನಿಲ್ಲಿಸಿ ಓದುವುದು ವಚನವನ್ನು ನಡುವೆ ಮುರಿದು ಓದಿದ ಹಾಗೆ. ನಿರೀಕ್ಷೆ ಇದ್ದವರೂ ಅಳುತ್ತಾರೆ, ನಿರೀಕ್ಷೆ ಇಟ್ಟುಕೊಂಡು ಅಳುತ್ತಾರೆ.

ಈಗ ‘ಉದ್ದೇಶ ಇರತದ’ ಅನ್ನುವ ಮಾತಿಗೆ ಬರುತ್ತೇನೆ. ನನ್ನನ್ನು ಹೆಚ್ಚು ಕಾಡಿದ್ದು ಅದೇ.

ಕಷ್ಟದಲ್ಲಿ ದೇವರು ಕೆಲಸ ಮಾಡುತ್ತಾನೆ, ಕಷ್ಟ ವ್ಯರ್ಥವಾಗುವುದಿಲ್ಲ ಅಂತ ನಾನೂ ನಂಬುತ್ತೇನೆ. ಶಿಲುಬೆಯನ್ನು ನಂಬಿದವರು ಬೇರೆ ಏನು ಹೇಳಲು ಸಾಧ್ಯ? ಆದರೆ ಆ ಮಾತನ್ನು ಸತ್ಯವೇದದಲ್ಲಿ ಯಾರು, ಯಾವಾಗ, ಯಾರಿಗೆ ಹೇಳಿದರು ಅಂತ ನೋಡಿ. ಯೋಸೇಫನ ಕಥೆ ನಮ್ಮ ಭಾನುವಾರದ ಶಾಲೆಯ ಮಕ್ಕಳಿಗೂ ಬಾಯಿಪಾಠ. ‘ನೀವು ನನಗೆ ಕೇಡೆಣಿಸಿದಿರಿ, ದೇವರು ಅದನ್ನೇ ಮೇಲಾಗಿ ಮಾಡಿದನು’ ಅನ್ನುವುದು ಆದಿಕಾಂಡ 50:20. ಅದನ್ನು ಹೇಳಿದಾಗ ಯೋಸೇಫನಿಗೆ ವಯಸ್ಸೆಷ್ಟು? ಲೆಕ್ಕ ಪುಸ್ತಕದಲ್ಲೇ ಇದೆ. ಅಣ್ಣಂದಿರು ಗುಂಡಿಗೆ ಹಾಕಿ ಮಾರುವಾಗ 17. ಐಗುಪ್ತದ (ಈಜಿಪ್ಟಿನ) ಅರಸ ಫರೋಹನ ಮುಂದೆ ನಿಲ್ಲುವಾಗ 30. ಸುಭಿಕ್ಷದ 7 ವರ್ಷ, ಬರಗಾಲದ 2 ವರ್ಷ ಕಳೆದು ಅಣ್ಣಂದಿರಿಗೆ ತನ್ನ ಗುರುತು ಹೇಳುವಾಗ 39. ಆಮೇಲೆ ತಂದೆ ಯಾಕೋಬ ಐಗುಪ್ತದಲ್ಲಿ 17 ವರ್ಷ ಬದುಕಿ ತೀರಿಕೊಂಡ. ಅದರ ನಂತರ ಈ ಮಾತು. ಅಲ್ಲಿಗೆ ಸುಮಾರು 56 ವಯಸ್ಸು, ಗುಂಡಿಗೆ ಬಿದ್ದು 39 ವರ್ಷ ಆಗಿದೆ. ಹೇಳಿದವನು ಗುಂಡಿಯಲ್ಲಿ ಬಿದ್ದವನೇ. ಗುಂಡಿಯ ದಡದಲ್ಲಿ ನಿಂತು ಬಗ್ಗಿ ನೋಡಿ, ‘ತಮ್ಮಾ, ಇದರಾಗ ಒಂದು ಉದ್ದೇಶ ಅದಾ’ ಅಂತ ಯಾರಾದರೂ ಹೇಳಿದ್ದರೆ, ಆ ಕ್ಷಣದಲ್ಲಿ ಅದನ್ನು ಹೇಳಬಲ್ಲವರು ಮಾರಿದ ಅಣ್ಣಂದಿರೊಬ್ಬರೇ.

ಅವರೂ ಮನೆಗೆ ಹೋಗಿ ಮಾಡಿದ್ದೇನು? ರಕ್ತದಲ್ಲಿ ಅದ್ದಿದ ಅಂಗಿ ತೋರಿಸಿ, ತಂದೆಯನ್ನು ಸಂತೈಸಲು ಕೂತರು. ಯಾಕೋಬ ಸಂತೈಸಿಕೊಳ್ಳಲು ಒಪ್ಪಲಿಲ್ಲ, ಅಳುತ್ತಲೇ ಸತ್ತವರ ಲೋಕಕ್ಕೆ ಇಳಿದು ಹೋಗುತ್ತೇನೆ ಅಂದ. ಸತ್ಯವೇದ ಅವನ ವಿಶ್ವಾಸಕ್ಕೆ ಒಂದು ಮಾರ್ಕೂ ಕಡಿಮೆ ಕೊಟ್ಟಿಲ್ಲ.

ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನೂ ಅಷ್ಟೇ. ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಪಳಗಿದ ಗುಣ, ಅದರಿಂದ ನಿರೀಕ್ಷೆ ಅಂತ ರೋಮಾಪುರದವರಿಗೆ 5ನೇ ಅಧ್ಯಾಯದಲ್ಲಿ ಬರೆದಿದ್ದಾನೆ, ನಿಜ. ಈ ವಚನವನ್ನು ನನ್ನ ಮುಂದೆ ಇಡುವವರು ಇದ್ದೇ ಇದ್ದೀರಿ. ಆದರೆ ಅವನು ಬರೆದದ್ದು ‘ನಾವು’ ಅಂತ. ಐದು ಸಲ ಒಂದು ಕಡಿಮೆ ನಲವತ್ತು ಏಟು ತಿಂದವನು, ಮೂರು ಸಲ ಕೋಲಿನಿಂದ ಹೊಡೆಸಿಕೊಂಡವನು, ಮೂರು ಸಲ ಹಡಗು ಒಡೆದು ನೀರಿಗೆ ಬಿದ್ದವನು. ತನ್ನ ಬೆನ್ನಿನ ಬಾಸುಂಡೆ ನೋಡಿಕೊಂಡು ಬರೆದ ಮಾತನ್ನು ನಾವು ಇನ್ನೊಬ್ಬರ ಬೆನ್ನಿನ ಮೇಲೆ ಬರೆಯಲು ಹೋಗುತ್ತೇವೆ. ಅದೇ ಪೌಲ ರೋಮಾಪುರದವರಿಗೆ 12:15ರಲ್ಲಿ ಬೇರೆಯವರ ಕಷ್ಟದ ಬಗ್ಗೆ ಏನು ಮಾಡಬೇಕು ಅಂತ ನೇರವಾಗಿ ಹೇಳಿದ್ದಾನೆ: ಅಳುವವರ ಸಂಗಡ ಅಳಿರಿ.

‘ತಾಳಲಾರದಷ್ಟು ಭಾರ ದೇವರು ಹೊರಿಸೂದಿಲ್ಲ’ ಅನ್ನುವುದು ಇನ್ನೊಂದು. 1 ಕೊರಿಂಥ 10:13 ಶೋಧನೆಯ, ಅಂದರೆ ಪಾಪಕ್ಕೆ ಎಳೆಯುವ ಪರೀಕ್ಷೆಯ ಮಾತು. ಅಧ್ಯಾಯವನ್ನು ಮೊದಲಿನಿಂದ ಓದಿದರೆ ವಿಗ್ರಹಾರಾಧನೆ, ಜಾರತ್ವ, ಗೊಣಗುವಿಕೆ ಇವುಗಳಿಗೆ ಬೀಳದಿರುವ ವಿಷಯ ಅಂತ ತಿಳಿಯುತ್ತದೆ. ಸಾವಿನ ಭಾರದ ಮಾತು ಅದಲ್ಲ. ಭಾರದ ಬಗ್ಗೆ ಪೌಲನನ್ನೇ ಕೇಳಬೇಕಿದ್ದರೆ 2 ಕೊರಿಂಥ 1:8 ತೆರೆಯಿರಿ. ಶಕ್ತಿಗೆ ಮೀರಿದ ಭಾರ ಬಿತ್ತು, ಬದುಕುವ ಆಸೆಯನ್ನೇ ಬಿಟ್ಟೆವು ಅಂತ ಒಪ್ಪಿಕೊಂಡಿದ್ದಾನೆ.

ಮಕ್ಕಳು, ಆಸ್ತಿ ಎಲ್ಲ ಕಳಕೊಂಡ ಯೋಬನನ್ನು ಸಂತೈಸಲು ಬಂದ ಗೆಳೆಯರನ್ನು ನಾವು ಸುಮ್ಮನೆ ಬೈಯುತ್ತೇವೆ. ಅವರು ಮೊದಲ ವಾರ ನಮಗಿಂತ ಒಳ್ಳೆಯವರಾಗಿದ್ದರು. ದೂರದಿಂದ ಬಂದರು, ಗುರುತು ಸಿಗದಂತಾಗಿದ್ದ ಅವನನ್ನು ಕಂಡು ಗಟ್ಟಿಯಾಗಿ ಅತ್ತರು, 7 ದಿನ 7 ರಾತ್ರಿ ನೆಲದ ಮೇಲೆ ಅವನ ಜೊತೆ ಕೂತರು, ಒಂದು ಮಾತೂ ಆಡಲಿಲ್ಲ. ಬಾಯಿ ತೆರೆದ ಮೇಲೆ ಕೆಟ್ಟರು. ಹತ್ತು ಮಕ್ಕಳನ್ನು ಕಳಕೊಂಡವನ ಎದುರು ಬಿಲ್ದದ ‘ನಿನ್ನ ಮಕ್ಕಳು ಪಾಪ ಮಾಡಿದ್ದರಿಂದ ಹೀಗಾಯಿತು’ ಅನ್ನುತ್ತಾನೆ, 8:4. 38ನೇ ಅಧ್ಯಾಯದಲ್ಲಿ ದೇವರು ಮಾತಾಡಲು ಶುರುಮಾಡಿ ಸಮುದ್ರ, ಹಿಮ, ಕಾಡುಕತ್ತೆ, ಯುದ್ಧದ ಕುದುರೆ ಎಲ್ಲದರ ಬಗ್ಗೆ ಕೇಳುತ್ತಾನೆ. ನಿನಗೆ ಹೀಗೇಕಾಯಿತು ಅಂತ ಮಾತ್ರ ಕೊನೆಯವರೆಗೂ ಹೇಳುವುದಿಲ್ಲ. ಸಿಟ್ಟಾಗುವುದು ದೇವರ ಪರವಾಗಿ ಅಷ್ಟುದ್ದ ವಾದಿಸಿದ ಗೆಳೆಯರ ಮೇಲೆ. ನನ್ನ ವಿಷಯವಾಗಿ ಸರಿಯಾಗಿ ಮಾತಾಡಿದವನು ಯೋಬ, ನೀವಲ್ಲ ಅನ್ನುತ್ತಾನೆ. ಜನ್ಮದಿನವನ್ನೇ ಶಪಿಸಿದ ಯೋಬ!

ಇನ್ನೊಂದು ಸಣ್ಣ ಲೆಕ್ಕ ಯಾರೂ ಗಮನಿಸುವುದಿಲ್ಲ. ಕೊನೆಯಲ್ಲಿ ಅವನಿಗೆ ಎಲ್ಲವೂ ಎರಡರಷ್ಟು ಬಂತು ಅಂತ ಪ್ರಸಂಗ ಮಾಡುತ್ತಾರೆ. ಕುರಿ 7,000 ಇದ್ದದ್ದು 14,000 ಆದವು, ಒಂಟೆ 3,000 ಇದ್ದದ್ದು 6,000. ಮಕ್ಕಳು ಮಾತ್ರ ಮೊದಲಿನಷ್ಟೇ, 7 ಗಂಡು 3 ಹೆಣ್ಣು. ಸತ್ತ ಹತ್ತು ಮಕ್ಕಳು ಮನೆಗೆ ತಿರುಗಿ ಬರಲಿಲ್ಲ. ಬೀದರಿನ ಆ ತಾಯಿಯ ಮುಂದೆ ‘ಎರಡರಷ್ಟು’ ಸಾಕ್ಷಿ ಹೇಳುವವರು ಇದನ್ನು ನೆನಪಿಡಬೇಕು.

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಹೊಸ ವರ್ಷಕ್ಕೆ ಅಂತ ಎತ್ತುವ ವಾಗ್ದಾನದ (ವಚನದ) ಕಾರ್ಡಿನಲ್ಲಿ ಯೆರೆಮೀಯ 29:11 ಬಂದವರಿಗೆ ಬಹಳ ಸಂತೋಷ. ದೇವರು ನಮಗೆ ಹಿತವನ್ನೇ ಯೋಚಿಸಿದ್ದಾನೆ ಅನ್ನುವ ಮಾತು, ಬೆಲೆಯುಳ್ಳ ಮಾತು. ಅದರ ಹಿಂದಿನ ವಚನ ಕಾರ್ಡಿನಲ್ಲಿ ಇರುವುದಿಲ್ಲ: ಬಾಬೆಲಿನಲ್ಲಿ 70 ವರ್ಷ ತುಂಬಿದ ಮೇಲೆ. ಇದು ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಪತ್ರದ ಮಾತು; ಆ ಪತ್ರ ಕೇಳಿಸಿಕೊಂಡ ದೊಡ್ಡವರಲ್ಲಿ ಬಹಳ ಮಂದಿ ಅಲ್ಲೇ ಮಣ್ಣಾಗುವವರು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಹೇಳಿದವನು ಹನನ್ಯ, 28ನೇ ಅಧ್ಯಾಯದ ಸುಳ್ಳು ಪ್ರವಾದಿ. ಜನಕ್ಕೆ ಹನನ್ಯನ ಮಾತೇ ಹಿಡಿಸಿರಬೇಕು.

ಈ ಹನನ್ಯನ ಮಾತಿನಿಂದ ಜೀವಕ್ಕೂ ಅಪಾಯ ಇದೆ, ಅದನ್ನು ಬಿಡಿಸಿ ಹೇಳಲೇಬೇಕು. ಟಿಬಿಗೆ ಸಾಮಾನ್ಯವಾಗಿ ಆರು ತಿಂಗಳ ಗುಳಿಗೆ. ಎರಡು ತಿಂಗಳಾಗುವಷ್ಟರಲ್ಲಿ ಕೆಮ್ಮು ಕಡಿಮೆಯಾಗಿ ಮೈ ಹಿಡಿಯುತ್ತದೆ. ಆಗ ಪ್ರಾರ್ಥನೆಯ ಕೂಟದಲ್ಲಿ ‘ದೇವರು ಗುಣಮಾಡಿದ’ ಅಂತ ಸಾಕ್ಷಿ ಹೇಳಿಸಿ, ‘ಇನ್ನ ಗುಳಿಗಿ ನುಂಗೂದು ಅವಿಶ್ವಾಸ’ ಅಂದುಬಿಟ್ಟರೆ, ಉಳಿದ ರೋಗಾಣು ಗುಳಿಗೆಗೆ ಬಗ್ಗದ ಹಾಗೆ ತಿರುಗಿ ಏಳಬಹುದು, ಮನೆಯವರಿಗೂ ಹತ್ತಬಹುದು. ಮೂರ್ಛೆರೋಗದ ಗುಳಿಗೆ, ಸಕ್ಕರೆ ಕಾಯಿಲೆಯ ಇನ್ಸುಲಿನ್ ನಿಲ್ಲಿಸಿದರೆ ಇನ್ನೂ ಬೇಗ ಕೆಡುತ್ತದೆ. ಅರಸ ಹಿಜ್ಕೀಯನಿಗೆ 15 ವರ್ಷ ಆಯುಸ್ಸು ಕೊಡುತ್ತೇನೆ ಅಂತ ದೇವರು ಮಾತು ಕೊಟ್ಟ ಮೇಲೂ ಪ್ರವಾದಿ ಯೆಶಾಯ ಹುಣ್ಣಿಗೆ ಅಂಜೂರದ ಹಣ್ಣು ಅರೆದು ಹಚ್ಚಿಸಿದ. ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಮಿಲೇತ ಊರಲ್ಲಿ ಕಾಯಿಲೆಯಲ್ಲೇ ಬಿಟ್ಟು ಬಂದ. ಅವನ ವಿಶ್ವಾಸ ಕಡಿಮೆಯಾಗಿತ್ತು ಅಂತ ಬರೆಯಲಿಲ್ಲ. ನಮ್ಮ ಸೀಮೆಯಲ್ಲಿ ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆ ಕಟ್ಟಿದವರೂ ಸುವಾರ್ತೆ ತಂದ ಮೆಥೋಡಿಸ್ಟರೇ.

ಹಾಗಾದರೆ ದುಃಖದ ಮನೆಗೆ ಹೋಗಿ ಏನು ಮಾಡಬೇಕು ಅಂತ ಕೇಳುವವರು ಪ್ರವಾದಿ ಎಲೀಯನ ಕಥೆ ಓದಿ, 1 ಅರಸುಗಳು 19. ‘ಸಾಕು, ನನ್ನ ಪ್ರಾಣ ತೆಗೆದುಬಿಡು’ ಅಂತ ಗಿಡದ ಕೆಳಗೆ ಬಿದ್ದುಕೊಂಡವನಿಗೆ ದೇವದೂತ ಬೋಧನೆ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ತಂಬಿಗೆ ನೀರು ಇಟ್ಟ. ತಿಂದು ಮತ್ತೆ ಮಲಗಿದ. ಎರಡನೇ ಸಲ ಎಬ್ಬಿಸಿ ಮತ್ತೆ ರೊಟ್ಟಿ ಕೊಟ್ಟ. ‘ಇಲ್ಲಿ ಏನು ಮಾಡುತ್ತೀ’ ಅನ್ನುವ ಪ್ರಶ್ನೆ ಬಂದದ್ದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ನಮ್ಮಲ್ಲಿ ಮೂರನೇ ದಿನದ ಪ್ರಾರ್ಥನೆಯ ತನಕ ಓಣಿಯವರೆಲ್ಲ ಬುತ್ತಿ ತರುತ್ತಾರೆ, ಹೆಚ್ಚಾಗಿ ಕೆಡುತ್ತದೆ. ಹತ್ತನೇ ದಿನಕ್ಕೆ ಯಾರೂ ಇರುವುದಿಲ್ಲ, ಒಲೆ ಹಚ್ಚುವ ಮನಸ್ಸೂ ಆ ಮನೆಯವರಿಗೆ ಇರುವುದಿಲ್ಲ. ಆಗ ಹೋಗಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ, ವಾರಗಟ್ಟಲೆ ಇರುತ್ತವೆ. ಕುರ್ಚಿ ಹಾಕಿಸಿಕೊಳ್ಳಬೇಡಿ, ಅವರು ಕೂತ ಜಮಖಾನದ ಮೇಲೇ ಕೂರಿ. ಸತ್ತವರ ಹೆಸರು ಹಿಡಿದು ಮಾತಾಡಿ; ಹೆಸರು ಎತ್ತಿದರೆ ಅಳುತ್ತಾರೆ ಅಂತ ನಾವು ಹೆಸರನ್ನೇ ಬಿಡುತ್ತೇವೆ, ತಾಯಿಗೆ ಮಗ ಎರಡನೇ ಸಲ ಸತ್ತ ಹಾಗಾಗುತ್ತದೆ. ಓದಲೇಬೇಕು ಅನ್ನಿಸಿದರೆ 13ನೇ ಕೀರ್ತನೆ. ಆರೇ ವಚನ, ಒಂದು ನಿಮಿಷ ಸಾಕು. ಮೊದಲ ಎರಡು ವಚನದಲ್ಲಿ ‘ಎಷ್ಟರವರೆಗೆ’ ಅಂತ ನಾಲ್ಕು ಸಲ ಕೇಳುತ್ತಾನೆ, ಮೂರು ನಾಲ್ಕರಲ್ಲಿ ಬೇಡಿಕೊಳ್ಳುತ್ತಾನೆ, ಭರವಸೆ ಬರುವುದು ಐದರಲ್ಲಿ. ನಾವು ಕೆಡಿಸುವುದು ಮೊದಲ ನಾಲ್ಕನ್ನು ಜಿಗಿದು ನೇರ ಐದಕ್ಕೆ ಹೋಗಿ. ಅವರ ಮನಸ್ಸು ಇನ್ನೂ ಎರಡನೇ ವಚನದಲ್ಲಿದ್ದರೆ ಎರಡಕ್ಕೇ ನಿಲ್ಲಿಸಿ. 13ರಲ್ಲಿರುವ ಅಷ್ಟು ಭರವಸೆಯೂ ಹೆಚ್ಚಾಯಿತು ಅನ್ನಿಸಿದರೆ 88ನೇ ಕೀರ್ತನೆ ಇದೆ. 18 ವಚನ, ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೆ ಒಂದು ಸ್ತೋತ್ರವೂ ಇಲ್ಲ. ಅದನ್ನೂ ಸತ್ಯವೇದದಲ್ಲಿ ಇಟ್ಟವರು ತಿಳಿಯದೆ ಇಟ್ಟಿಲ್ಲ. ಪ್ರಾರ್ಥನೆ ಎರಡು ಮಿಂಟು ಇರಲಿ. ಪ್ರಾರ್ಥನೆಯೊಳಗೇ ಪ್ರಸಂಗ ಶುರುಮಾಡಬೇಡಿ. ಕಣ್ಣು ಮುಚ್ಚಿ ಕೂತ ದುಃಖಿಗೆ ಎದ್ದು ಹೋಗಲೂ ಆಗುವುದಿಲ್ಲ.

ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಆ ಮನೆಗೆ ಹೋಗುವವರು ನಾಲ್ಕೈದು ಜನ ಇದ್ದೇವೆ. ಬರುವವರು ಇನ್‌ಬಾಕ್ಸ್‌ಗೆ ಬನ್ನಿ. ಮಗನನ್ನು ಕಳಕೊಂಡ ಆ ಅಕ್ಕನಿಗೆ ಸಕ್ಕರೆ ಕಾಯಿಲೆ ಇದೆ, ಸಿಹಿ ತರಬೇಡಿ. ರೊಟ್ಟಿ ನಾವು ತರುತ್ತೇವೆ, ಯಾರಾದರೂ ಪುಂಡಿಪಲ್ಯ ಮಾಡಿಕೊಂಡು ಬನ್ನಿ. ಆಕೆ ಹಾಡ್ಯಾಡಿ ಅಳಲು ಶುರುಮಾಡಿದರೆ ಪೂರ್ತಿ ಹಾಡಲಿ, ನಡುವೆ ಯಾರೂ ಏಳಬೇಡಿ.