ಡೆಬಿಟ್ ಕಾರ್ಡಿಗೆ ಎರಡು ಪರ್ಸೆಂಟ್ ಜಾಸ್ತಿ ಯಾಕೆ ಕೊಡಬೇಕು?

ಸಂಜೆಯಿಂದ ಕೋಪ ಇಳಿದಿಲ್ಲ. ಇದನ್ನು ಬರೆದೇ ಮಲಗುತ್ತೇನೆ.

ಅಂಗಡಿ ಬಾಗಿಲು ಹಾಕಿ ಮನೆಗೆ ಹೋಗುವಾಗ ದಾರಿಯಲ್ಲಿದ್ದ ಒಂದು ಪಾತ್ರೆ ಅಂಗಡಿಗೆ ಹೋಗಿದ್ದೆ. ನನಗಿಂತ ಮುಂಚೆ ಬಂದ ಅಜ್ಜಿಯೊಬ್ಬರು ಕುಕ್ಕರ್ ಆರಿಸುತ್ತಿದ್ದರು. ಮುಚ್ಚಳ ತೆಗೆದು ಗ್ಯಾಸ್ಕೆಟ್ ಎಳೆದು ನೋಡಿದರು, ಹಿಡಿ ಅಲ್ಲಾಡುತ್ತದಾ ಎಂದು ನೋಡಿದರು, ಚೌಕಾಸಿಯನ್ನೂ ಮಾಡಿದರು. ಕೊನೆಗೆ 1,860 ರೂಪಾಯಿಗೆ ಮಾತಾಯಿತು. ಚೀಲದಿಂದ ಪಾಸ್‌ಬುಕ್ ತೆಗೆದು, ಅದರೊಳಗಿಟ್ಟಿದ್ದ ಡೆಬಿಟ್ ಕಾರ್ಡ್ ಮುಂದೆ ಇಟ್ಟರು. ನಮ್ಮ ದೇಶದ್ದೇ ಆದ ರುಪೇ ಕಾರ್ಡು.

ಅಂಗಡಿಯವರು ಕಾರ್ಡ್ ಮುಟ್ಟಲೇ ಇಲ್ಲ. "ಕಾರ್ಡ್ ಆದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತಮ್ಮ. ಫೋನ್‌ಪೇ ಇದ್ಯಾ?"

"ಇಲ್ಲಪ್ಪ, ನಂದು ಬಟನ್ ಫೋನು."

"ಹಂಗಾದ್ರೆ ಕ್ಯಾಶ್ ತಗೊಂಡು ಬನ್ನಿ. ಎತ್ತಿಟ್ಟಿರ್ತೀನಿ."

ಕಾರ್ಡ್ ಮೆಷಿನ್ ಅಲ್ಲೇ ಇತ್ತು. ಗಲ್ಲಾಪೆಟ್ಟಿಗೆ ಪಕ್ಕದಲ್ಲಿ, ಚಾರ್ಜರ್ ಸಿಕ್ಕಿಸಿಕೊಂಡು ಕೂತಿತ್ತು. ಅಜ್ಜಿ ಕಾರ್ಡನ್ನು ಮತ್ತೆ ಪಾಸ್‌ಬುಕ್ಕಿನೊಳಗೆ ಇಟ್ಟುಕೊಂಡು ಎಟಿಎಂ ಹುಡುಕಿಕೊಂಡು ಹೊರಟರು. ನಾನು ಸುಮ್ನಿರಲಿಲ್ಲ. "ಸ್ವಾಮಿ, ರುಪೇ ಡೆಬಿಟ್ ಕಾರ್ಡಿಗೆ ನಿಮಗೆ ಒಂದು ಪೈಸೆಯೂ ಕಟ್ ಆಗುವುದಿಲ್ಲ. ಯಾವ ಎರಡು ಪರ್ಸೆಂಟ್ ಕೇಳುತ್ತಿದ್ದೀರಿ?" ಎಂದೆ. "ಎಲ್ಲಾರೂ ತಗೋತಾರೆ ಮೇಡಂ" ಎಂದರು. ಅಷ್ಟೇ ಉತ್ತರ.

ಈ "ಎಲ್ಲರೂ ತೆಗೆದುಕೊಳ್ಳುತ್ತಾರೆ" ಅನ್ನುವುದೇ ನನಗೆ ತಡೆಯಲಾಗದ್ದು. ನಾನೂ ವ್ಯಾಪಾರದವಳೇ. ನಮ್ಮ ಮ್ಯಾಚಿಂಗ್ ಸೆಂಟರ್ ನಿಮಗೆಲ್ಲ ಗೊತ್ತು. ಫಾಲ್ಸ್, ಲೈನಿಂಗ್, ಬ್ಲೌಸ್ ಪೀಸ್, ಲಂಗ, ನೈಟಿ, ದಾರದ ಉಂಡೆ. ಮೈಸೂರಿನ ಯಾವ ಬಡಾವಣೆಯಲ್ಲೂ ಇಂಥದ್ದೊಂದು ಅಂಗಡಿ ಇದ್ದೇ ಇರುತ್ತದೆ. ಲಾಭ ಎಷ್ಟು ತೆಳ್ಳಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಈ ಎರಡು ಪರ್ಸೆಂಟ್ ಲೆಕ್ಕ ಸುಳ್ಳು.

ಲೆಕ್ಕ ನೋಡಿ. ಕಾರ್ಡ್ ವ್ಯವಹಾರದ ಮೇಲೆ ಅಂಗಡಿಯವರಿಂದ ಬ್ಯಾಂಕ್ ಹಿಡಿದುಕೊಳ್ಳುವ ದುಡ್ಡಿಗೆ ಎಂಡಿಆರ್ ಅನ್ನುತ್ತಾರೆ. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡಿಗೆ ಎಂಡಿಆರ್ ಸೊನ್ನೆ. ಯುಪಿಐಗೂ ಅವತ್ತಿನಿಂದಲೇ ಸೊನ್ನೆ ಆಗಿದ್ದು. ಕ್ಯೂಆರ್ ಸ್ಕ್ಯಾನ್ ಮಾಡಿದಾಗ ಖುಷಿಯಿಂದ ದುಡ್ಡು ತೆಗೆದುಕೊಳ್ಳುವವರು ರುಪೇ ಡೆಬಿಟ್ ಕಾರ್ಡಿಗೆ ಮಾತ್ರ ಯಾಕೆ ಮುಖ ಸಿಂಡರಿಸಬೇಕು? ಎರಡಕ್ಕೂ ಖರ್ಚು ಒಂದೇ ಅಲ್ವಾ?

ವೀಸಾ, ಮಾಸ್ಟರ್‌ಕಾರ್ಡ್ ಡೆಬಿಟ್ ಕಾರ್ಡ್ ಆಗಿದ್ದರೆ ಸ್ವಲ್ಪ ಕಟ್ ಆಗುತ್ತದೆ, ನಿಜ. ಅದಕ್ಕೂ ರಿಸರ್ವ್ ಬ್ಯಾಂಕ್ 2018ರಿಂದಲೇ ಮಿತಿ ಹಾಕಿದೆ. ವರ್ಷಕ್ಕೆ 20 ಲಕ್ಷದವರೆಗೆ ವಹಿವಾಟು ಇರುವ ಅಂಗಡಿಗೆ ಮೆಷಿನ್‌ನಲ್ಲಿ ಹೆಚ್ಚೆಂದರೆ 0.40 ಪರ್ಸೆಂಟ್. ಅದಕ್ಕಿಂತ ದೊಡ್ಡ ಅಂಗಡಿಗೆ ಹೆಚ್ಚೆಂದರೆ 0.90. ಆ ಕುಕ್ಕರಿನ ಬಿಲ್ಲಿಗೇ ಹಾಕಿ ನೋಡಿ. ಎರಡು ಪರ್ಸೆಂಟ್ ಅಂದರೆ 37 ರೂಪಾಯಿ 20 ಪೈಸೆ. ವೀಸಾ ಡೆಬಿಟ್ ಆಗಿದ್ದರೂ ಸಣ್ಣ ಅಂಗಡಿಗೆ ಕಟ್ ಆಗುವುದು ಏಳೂವರೆ ರೂಪಾಯಿ ಒಳಗೆ, ದೊಡ್ಡದಕ್ಕೆ ಹದಿನೇಳರ ಒಳಗೆ. ಅಜ್ಜಿಯ ಕೈಯಲ್ಲಿದ್ದ ರುಪೇಗೆ ಏನೂ ಇಲ್ಲ. ಹಾಗಾದರೆ ಆ 37 ರೂಪಾಯಿ ಯಾರ ಜೇಬಿಗೆ?

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಡೆಬಿಟ್ ಕಾರ್ಡಿನ ಈ ಚಾರ್ಜನ್ನು ಗಿರಾಕಿಯ ಮೇಲೆ ಹಾಕುವ ಹಾಗೇ ಇಲ್ಲ. ಅಂಗಡಿಯವರು ಹಾಕದಂತೆ ಬ್ಯಾಂಕುಗಳೇ ನೋಡಿಕೊಳ್ಳಬೇಕು ಎಂದು ರಿಸರ್ವ್ ಬ್ಯಾಂಕ್ 2017ರ ಡಿಸೆಂಬರ್ ಸುತ್ತೋಲೆಯಲ್ಲೇ ಹೇಳಿದೆ. ಯಾರಾದರೂ ಜಾಸ್ತಿ ಕೇಳಿದರೆ ಬಿಲ್ಲಿನಲ್ಲಿ ಬರೆದುಕೊಡಿ ಅನ್ನಿ. ಬರೆದುಕೊಟ್ಟರೆ, ಮೆಷಿನ್‌ನಿಂದ ಬರುವ ಚೀಟಿಯ ಮೇಲೆ ಯಾವ ಬ್ಯಾಂಕಿನ ಹೆಸರಿದೆಯೋ ಅದಕ್ಕೆ ದೂರು ಕೊಡಿ.

ಗೊಂದಲ ಎಲ್ಲಿಂದ ಬಂತು ಅನ್ನುವುದೂ ಗೊತ್ತು. ಕ್ರೆಡಿಟ್ ಕಾರ್ಡಿಗೆ ಎರಡು ಪರ್ಸೆಂಟಿನ ಆಸುಪಾಸು ಕಟ್ ಆಗುತ್ತದೆ. ಅದನ್ನೇ ಹಿಡಿದುಕೊಂಡು ಕಾರ್ಡ್ ಅಂದರೆ ಎಲ್ಲಾ ಒಂದೇ ಎಂದುಬಿಟ್ಟಿದ್ದಾರೆ. ಸಾಲದ ಕಾರ್ಡ್ ಬೇರೆ, ತನ್ನ ಉಳಿತಾಯ ಖಾತೆಯ ದುಡ್ಡು ಕೊಡುವ ಕಾರ್ಡ್ ಬೇರೆ. ದಿನಾ ದುಡ್ಡೆಣಿಸುವವರಿಗೆ ಈ ವ್ಯತ್ಯಾಸ ತಿಳಿಯದು ಎಂದರೆ ನಾನು ನಂಬುವುದಿಲ್ಲ.

ನಮ್ಮ ಅಂಗಡಿಗೆ ಕಾರ್ಡ್ ತಟ್ಟುವ ಮೆಷಿನ್, ಅಂದರೆ ಕಾರ್ಡ್ ತೂರಿಸದೆ ಹತ್ತಿರ ಹಿಡಿದರೆ ಸಾಕಾಗುವಂಥದ್ದು, ಬಂದ ಮೇಲೆ ಏನಾಯಿತು ಎಂದು ಹೇಳುತ್ತೇನೆ. ಮೊದಲು ಕಾರ್ಡ್ ಒಳಗೆ ತೂರಿಸಿ ಪಿನ್ ಒತ್ತಬೇಕಿತ್ತಲ್ಲ, ಆಗ ವಯಸ್ಸಾದವರು ಎಷ್ಟೋ ಜನ ಮೆಷಿನ್ ನನ್ನ ಕಡೆಗೇ ತಳ್ಳಿ, ಪಿನ್ ನಂಬರ್ ಗಟ್ಟಿಯಾಗಿ ಹೇಳಿಬಿಡುತ್ತಿದ್ದರು. "ನೀವೇ ಒತ್ತಿಬಿಡಿ ತಾಯಿ, ಕಣ್ಣು ಕಾಣಲ್ಲ." ಪಕ್ಕದಲ್ಲಿ ನೈಟಿ ನೋಡುತ್ತಾ ನಿಂತವರಿಗೂ ಕೇಳಿಸುತ್ತಿತ್ತು. ನನಗೆ ಎದೆ ಧಸಕ್ ಎನ್ನುತ್ತಿತ್ತು. ಕೆಲವರು ಕಾರ್ಡ್ ಕವರಿನ ಮೇಲೇ ಪಿನ್ ಬರೆದುಕೊಂಡಿರುತ್ತಿದ್ದರು.

ಈಗ ನಾನು ಮೊತ್ತ ಒತ್ತಿ ಮೆಷಿನ್ ಅವರ ಕಡೆ ತಿರುಗಿಸುತ್ತೇನೆ. ಮೊತ್ತ ಅವರೇ ಓದುತ್ತಾರೆ. ಕಾರ್ಡ್ ಅವರ ಕೈಯಲ್ಲೇ ಇರುತ್ತದೆ. ಪರದೆಯ ಹತ್ತಿರ ಹಿಡಿದರೆ ಮೇಲಿನ ನಾಲ್ಕು ಪುಟ್ಟ ದೀಪ ಹಸಿರಾಗಿ ಹತ್ತುತ್ತವೆ, ಬೀಪ್ ಅನ್ನುತ್ತದೆ, ಚೀಟಿ ಹೊರಗೆ ಬರುತ್ತದೆ. ಪಿನ್ ಇಲ್ಲ, ಕಾರ್ಡ್ ನನ್ನ ಕೈಗೆ ಕೊಡುವುದೂ ಇಲ್ಲ. 2021ರ ಜನವರಿ 1ರಿಂದ ಪಿನ್ ಇಲ್ಲದೆ ಒಂದು ಸಲಕ್ಕೆ 5,000 ರೂಪಾಯಿವರೆಗೆ ಹೀಗೆ ಕೊಡಬಹುದು. ಅದಕ್ಕೂ ಮುಂಚೆ 2,000 ಇತ್ತು. ನನ್ನಂಥ ಅಂಗಡಿಯಲ್ಲಿ 5,000 ದಾಟುವ ಬಿಲ್ ಮದುವೆ ಸೀಸನ್ನಿನಲ್ಲೂ ಅಪರೂಪ.

ಒಂದೇ ತೊಡಕು. ಹೊಸ ಕಾರ್ಡುಗಳಲ್ಲಿ ಈ ತಟ್ಟುವ ಸೌಲಭ್ಯ ಮೊದಲಿಗೆ ಆಫ್ ಆಗಿರುತ್ತದೆ. 2020ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿದ ನಿಯಮ ಅದು. ಖಾತೆದಾರರು ಕೇಳಿದ ಮೇಲೆಯೇ ಆನ್ ಆಗಬೇಕು. ಒಳ್ಳೆಯ ನಿಯಮವೇ. ಆದರೆ ವಿಷಯ ತಿಳಿಯದೆ ಜನ ಕಾರ್ಡ್ ತಟ್ಟುತ್ತಾರೆ, ಮೆಷಿನ್ ಒಪ್ಪುವುದಿಲ್ಲ, ಅಂಗಡಿಯವರು "ನಿಮ್ಮ ಕಾರ್ಡ್ ಸರಿ ಇಲ್ಲ" ಎಂದು ಕಳಿಸಿಬಿಡುತ್ತಾರೆ. ಕಾರ್ಡ್ ಸರಿಯಾಗಿಯೇ ಇರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ, ಎಟಿಎಂನಲ್ಲಿ ಇಲ್ಲವೇ ಶಾಖೆಗೆ ಹೋಗಿ ಆನ್ ಮಾಡಿಸಬೇಕು ಅಷ್ಟೇ. ಮಿತಿಯನ್ನೂ ನಮಗೆ ಬೇಕಾದಷ್ಟಕ್ಕೆ ಇಳಿಸಿಕೊಳ್ಳಬಹುದು. ನಿಮ್ಮ ಮನೆಯ ಹಿರಿಯರಿಗೆ ಇದೊಂದು ಕೆಲಸ ಮಾಡಿಕೊಡಿ, ದಯವಿಟ್ಟು.

ಬಸ್ಸಿನಲ್ಲಿ ಯಾರೋ ಜೇಬಿನ ಹತ್ತಿರ ಮೆಷಿನ್ ಹಿಡಿದು ದುಡ್ಡು ಹೊಡೆಯುತ್ತಾರೆ ಎಂದು ವಾಟ್ಸಾಪ್‌ನಲ್ಲಿ ವಿಡಿಯೋ ಕಳಿಸುವವರೇ, ಸ್ವಲ್ಪ ಯೋಚಿಸಿ. ಕಾರ್ಡ್ ಮೆಷಿನ್‌ಗೆ ನಾಲ್ಕು ಸೆಂಟಿಮೀಟರಿನಷ್ಟು ಹತ್ತಿರ ಬರಬೇಕು. ಆ ಮೆಷಿನ್ ಬ್ಯಾಂಕಿಗೆ ದಾಖಲೆ ಕೊಟ್ಟ ಒಬ್ಬ ವ್ಯಾಪಾರಿಯ ಹೆಸರಿನಲ್ಲಿರುತ್ತದೆ, ದುಡ್ಡು ಅವನ ಖಾತೆಗೇ ಹೋಗಬೇಕು. ಹಾಗೆ ಕದಿಯುವವನು ತನ್ನ ವಿಳಾಸ ಬರೆದಿಟ್ಟು ಕದ್ದ ಹಾಗೆ. ಕಾರ್ಡ್ ಕಳೆದುಹೋದರೆ ತಕ್ಷಣ ಬ್ಯಾಂಕಿಗೆ ಫೋನ್ ಮಾಡಿ ಬ್ಲಾಕ್ ಮಾಡಿಸಬೇಕು, ಅದು ಯಾವ ಕಾರ್ಡಿಗಾದರೂ ಇದ್ದದ್ದೇ.

ಇದು ನನಗೆ ಇಷ್ಟು ತಾಗುವುದಕ್ಕೆ ಕಾರಣ ನಮ್ಮಮ್ಮ. ಅಪ್ಪ ಹೋದ ಮೇಲೆ ಅಪ್ಪನ ಪೆನ್ಶನ್ ಅಮ್ಮನ ಖಾತೆಗೆ ಬರುತ್ತದೆ. ಅವರದೇ ದುಡ್ಡು. ಆದರೆ ಔಷಧಿ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ ಎಂದರೆ ಅಳಿಯನಿಗೆ ಫೋನ್ ಮಾಡಬೇಕು. "ಇಷ್ಟು ಹಾಕಪ್ಪ, ಆಮೇಲೆ ಕೊಡ್ತೀನಿ." ನನ್ನ ಗಂಡ ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ. ಆದರೂ ಫೋನ್ ಹಿಡಿದು ಹಾಗೆ ಕೇಳುವಾಗ ಅಮ್ಮನ ದನಿ ಸಣ್ಣಗಾಗುತ್ತದೆ. ಜೀವನವಿಡೀ ಮನೆಯ ಲೆಕ್ಕ ನೋಡಿಕೊಂಡ ಹೆಂಗಸು. ಮಗಳಾಗಿ ನನಗೆ ಅದನ್ನು ಕೇಳಿಸಿಕೊಳ್ಳಲು ಆಗುವುದಿಲ್ಲ. ಕಾರ್ಡ್ ತಟ್ಟಿ ತೆಗೆದುಕೊಳ್ಳುವ ಅಂಗಡಿಯಲ್ಲಿ ಅವರು ಯಾರನ್ನೂ ಕೇಳದೆ ಬೇಕಾದ್ದು ತರುತ್ತಾರೆ.

ಅಮ್ಮ ಒಬ್ಬರ ವಿಷಯ ಅಲ್ಲ ಇದು. 2023ರ ಆಗಸ್ಟ್‌ನಲ್ಲಿ ನಮ್ಮ ಮೈಸೂರಿನಲ್ಲೇ ಗೃಹಲಕ್ಷ್ಮಿ ಶುರುವಾಯಿತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ, ನೇರ ಖಾತೆಗೆ. ಅದರಲ್ಲಿ ಎಷ್ಟೋ ಹೆಂಗಸರ ಹತ್ತಿರ ಸ್ಮಾರ್ಟ್‌ಫೋನ್ ಇಲ್ಲ. ಮನೆಯಲ್ಲಿ ಇರುವ ಒಂದು ಫೋನ್ ಗಂಡನ ಕೈಯಲ್ಲೋ ಮಗನ ಕೈಯಲ್ಲೋ ಇರುತ್ತದೆ. ಖಾತೆಯ ಜೊತೆ ರುಪೇ ಕಾರ್ಡ್ ಬಂದಿರುತ್ತದೆ, ಅದು ಬೀರುವಿನಲ್ಲಿ ಕೂತಿರುತ್ತದೆ. ದುಡ್ಡು ಬಂತು ಎಂದು ತಿಳಿದ ದಿನ ಎಟಿಎಂ ಮುಂದೆ ಸಾಲು. ಒಳಗೆ ಹೋದರೆ ಐನೂರರ ನೋಟು ಮಾತ್ರ, ಇಲ್ಲವೇ ನೋಟೇ ಖಾಲಿ. ತಿಂಗಳಿಗೆ ಇಷ್ಟು ಸಲ ಉಚಿತ ಎಂದಿದೆಯಲ್ಲ, ಅದು ಮುಗಿದರೆ 2025ರ ಮೇ 1ರಿಂದ ಒಂದು ಸಲಕ್ಕೆ 23 ರೂಪಾಯಿವರೆಗೆ ಹಿಡಿಯುತ್ತಾರೆ. ನಾವು ಅಂಗಡಿಯವರು ಆ ಕಾರ್ಡನ್ನು ತಟ್ಟಿಸಿಕೊಂಡರೆ ಅವರಿಗೆ ಆ ಸಾಲೇ ಬೇಡ. ವ್ಯಾಪಾರವೂ ನಮ್ಮಲ್ಲೇ ಆಗುತ್ತದೆ. ಇದು ಯಾಕೆ ನಮ್ಮವರಿಗೆ ಹೊಳೆಯುವುದಿಲ್ಲ?

"ಜಿಎಸ್‌ಟಿ ನೋಟಿಸ್ ಬರುತ್ತೆ, ಕಾರ್ಡೂ ಬೇಡ ಯುಪಿಐಯೂ ಬೇಡ" ಅನ್ನುವವರಿದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ನನಗೂ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹಾಲು, ತರಕಾರಿ ಮಾರುವವರಿಗೂ ನೋಟಿಸ್ ಹೋಗಿದ್ದು ಅನ್ಯಾಯ. ಬೆಂಗಳೂರಿನಲ್ಲಿ ಅಂಗಡಿ ಅಂಗಡಿಗೂ "ನೋ ಯುಪಿಐ" ಬೋರ್ಡ್ ಬಿತ್ತು. ಆಮೇಲೆ ಮುಖ್ಯಮಂತ್ರಿಗಳು ವ್ಯಾಪಾರಿಗಳ ಸಭೆ ಕರೆದು, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಮುಂದಕ್ಕೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ಅದೆಲ್ಲ ಸರಿ. ಆದರೆ ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂದಾಗ, ಆ 40 ಲಕ್ಷದಲ್ಲಿ ಕ್ಯಾಶೂ ಸೇರುತ್ತದೆ. ಕಾರ್ಡ್ ಬೇಡ ಎಂದರೆ ವಹಿವಾಟು ಕಮ್ಮಿಯಾಗುವುದಿಲ್ಲ. ಮಿತಿಯೊಳಗೆ ಇರುವವರಿಗೆ ಹೆದರಿಕೆ ಯಾಕೆ? ದಾಟಿದ ಸಣ್ಣ ವ್ಯಾಪಾರಿಗಳಿಗೆ ವಹಿವಾಟಿನ ಒಂದು ಪರ್ಸೆಂಟ್ ತೆರಿಗೆ ಕಟ್ಟುವ ಕಾಂಪೊಸಿಷನ್ ಸ್ಕೀಮ್ ಇದೆ. ತೆರಿಗೆ ಇಲಾಖೆಯ ಮೇಲಿನ ಸಿಟ್ಟನ್ನು ಕುಕ್ಕರ್ ಕೊಳ್ಳಲು ಬಂದ ಅಜ್ಜಿಯ ಮೇಲೆ ತೀರಿಸಬೇಡಿ.

ಮೆಷಿನ್ ಬಾಡಿಗೆ ದುಬಾರಿ ಅನ್ನುವ ಮಾತೂ ಬರುತ್ತದೆ. ತಿಂಗಳಿಗೆ ಇಷ್ಟು ಎಂದು ಬಾಡಿಗೆ ಇದೆ, ನಾನೂ ಕಟ್ಟುತ್ತೇನೆ. ವ್ಯಾಪಾರ ಕಮ್ಮಿ ಇರುವ ತಿಂಗಳು ಅದು ಭಾರ ಅನ್ನಿಸುತ್ತದೆ. ಆದರೆ ಪಾತ್ರೆ ಅಂಗಡಿಯಲ್ಲಿ ಮೆಷಿನ್ ಇತ್ತಲ್ಲ! ಬಾಡಿಗೆ ಕಟ್ಟಿ, ಚಾರ್ಜ್ ಹಾಕಿ ಇಟ್ಟು, ಉಪಯೋಗಿಸದೆ ಗಿರಾಕಿಯನ್ನು ಆಚೆ ಕಳಿಸಿದರೆ ಏನು ಉಳಿಯಿತು? ಮೆಷಿನ್ ಬೇಡ ಅನ್ನುವವರಿಗೆ ಈಗ ಕಾರ್ಡ್ ತಟ್ಟಿಸಿಕೊಳ್ಳುವ ಸೌಂಡ್‌ಬಾಕ್ಸೂ ಇವೆ, ಪೇಟಿಎಂ 2023ರಲ್ಲೇ ಅಂಥದ್ದು ತಂದಿದೆ. ಎನ್‌ಎಫ್‌ಸಿ, ಅಂದರೆ ಹತ್ತಿರ ಹಿಡಿದ ಕಾರ್ಡನ್ನು ಓದುವ ಸೌಲಭ್ಯ, ಇರುವ ಆ್ಯಂಡ್ರಾಯ್ಡ್ ಫೋನಿನಲ್ಲೇ ಕಾರ್ಡ್ ತಟ್ಟಿಸಿಕೊಳ್ಳುವ ಆ್ಯಪ್ ಕೊಡುವ ಬ್ಯಾಂಕುಗಳೂ ಇವೆ.

ಯುಪಿಐ ಒಂದೇ ಸಾಕು ಎಂದುಕೊಂಡವರು 2025ರ ಏಪ್ರಿಲ್ 12 ನೆನಪಿಸಿಕೊಳ್ಳಿ. ಶನಿವಾರ. ದೇಶದ ತುಂಬ ಗಂಟೆಗಟ್ಟಲೆ ಯುಪಿಐ ಕೈಕೊಟ್ಟಿತ್ತು. ಅದಕ್ಕೆ ಸ್ವಲ್ಪ ದಿನ ಮುಂಚೆ, ಮಾರ್ಚ್ 26ರಂದೂ ಹಾಗೇ ಆಗಿತ್ತು. ದುಡ್ಡು ತೆಗೆದುಕೊಳ್ಳಲು ಎರಡು ದಾರಿ ಇಟ್ಟುಕೊಂಡ ಅಂಗಡಿಗೆ ಅಂಥ ದಿನ ಗಿರಾಕಿ ಕೈತಪ್ಪುವುದಿಲ್ಲ.

ಬರುವ ವಾರ ನಮ್ಮ ರಸ್ತೆಯ ವರ್ತಕರು ಸೇರುತ್ತಿದ್ದೇವೆ. ಕಸದ ಗಾಡಿ, ಪಾರ್ಕಿಂಗ್ ವಿಷಯ ಮುಗಿದ ಮೇಲೆ ಇದನ್ನು ಎತ್ತುತ್ತೇನೆ. ಬರುವವರು ಮೆಷಿನ್ ಕೊಟ್ಟ ಬ್ಯಾಂಕ್ ಕಳಿಸುವ ತಿಂಗಳ ಸ್ಟೇಟ್‌ಮೆಂಟ್ ತನ್ನಿ. ರುಪೇ ಡೆಬಿಟ್ ಸಾಲಿನ ಮುಂದೆ ಎಷ್ಟು ಕಟ್ ಆಗಿದೆ ಎಂದು ಎಲ್ಲರೂ ಸೇರಿ ನೋಡೋಣ. ಏನಾದರೂ ಕಟ್ ಆಗಿದ್ದರೆ ಒಟ್ಟಿಗೆ ಸಹಿ ಹಾಕಿ ಆ ಬ್ಯಾಂಕಿಗೆ ಪತ್ರ ಕೊಡೋಣ, ನಾನೇ ಬರೆದುಕೊಂಡು ಬರುತ್ತೇನೆ. ಕಟ್ ಆಗಿಲ್ಲ ಎಂದಾದರೆ, "ಕಾರ್ಡಿಗೆ 2% ಎಕ್ಸ್‌ಟ್ರಾ" ಎಂದು ಅಂಟಿಸಿರುವ ಚೀಟಿಯನ್ನು ಅವತ್ತೇ ಕಿತ್ತುಹಾಕಬೇಕು.