ನಾರ್ವೆಗೆ ಹೋಗುವವರೇ, ಒಂದೇ ಫ್ಯೋರ್ಡ್ ಸಾಕು

ಪ್ರತಿ ವರ್ಷ ಏಪ್ರಿಲ್ ಬಂತೆಂದರೆ ಯಾರಾದರೂ ಒಬ್ಬರು ನನಗೆ ನಾರ್ವೆ ಪ್ಲಾನ್ ಕಳಿಸುತ್ತಾರೆ. ಹೆಚ್ಚಾಗಿ ಎಕ್ಸೆಲ್ ಶೀಟು. ಮೊದಲ ದಿನ ಓಸ್ಲೋ, ಎರಡಕ್ಕೆ ಬರ್ಗೆನ್, ಮೂರಕ್ಕೆ ಟ್ರೋಲ್‌ಟುಂಗಾ, ನಾಲ್ಕಕ್ಕೆ ಗೈರಾಂಗರ್, ಐದಕ್ಕೆ ಟ್ರೋಲ್‌ಸ್ಟಿಗೆನ್, ಆರಕ್ಕೆ ಲೊಫೋಟೆನ್. ಏಳನೇ ದಿನ ವಾಪಸ್ ವಿಮಾನ. "ನೀವು ಸ್ವೀಡನ್‌ನಲ್ಲೇ ಇದ್ದೀರಲ್ಲ, ಪಕ್ಕದ ದೇಶ, ಒಮ್ಮೆ ನೋಡಿ ಹೇಳಿ" ಅಂತ ಒಂದು ಸಾಲು. ನೋಡಿದೆ. ನೇರವಾಗಿ ಹೇಳಿಬಿಡುತ್ತೇನೆ, ಈ ಪ್ಲಾನಿನಲ್ಲಿ ನೀವು ನೋಡುವುದು ಕಾರಿನ ಸ್ಟೇರಿಂಗ್ ಮಾತ್ರ.

ಅಲ್ಲಿ ದೂರವನ್ನು ಕಿಲೋಮೀಟರ್‌ನಲ್ಲಿ ಲೆಕ್ಕ ಹಾಕಬಾರದು. ಓಸ್ಲೋದಿಂದ ಬರ್ಗೆನ್ ಸುಮಾರು 460 ಕಿಲೋಮೀಟರ್. ನಮ್ಮ ತಲೆಯಲ್ಲಿ ಅದು ಐದು ಗಂಟೆಯ ದಾರಿ. ಅಲ್ಲಿ ಎಲ್ಲೂ ನಿಲ್ಲದೆ ಹೋದರೂ ಏಳು ಗಂಟೆ ಬೇಕು. ಊರಿನ ಹೊರಗೆ ಸಾಮಾನ್ಯ ಮಿತಿ 80, ಊರೊಳಗೆ 50. ಕ್ಯಾಮೆರಾ ಇರುತ್ತದೆ, ದಂಡ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಪಶ್ಚಿಮ ಕರಾವಳಿಯ ಇ39 ಹೆದ್ದಾರಿ ಇನ್ನೊಂದು ಕಥೆ. ಕ್ರಿಸ್ಟಿಯಾನ್‌ಸಾಂಡ್‌ನಿಂದ ಟ್ರೊಂಡ್‌ಹೈಮ್‌ವರೆಗೆ ಸುಮಾರು 1100 ಕಿಲೋಮೀಟರ್, ನಡುವೆ ಏಳು ಕಡೆ ಕಾರಿನ ಸಮೇತ ಫೆರ್ರಿ ಹತ್ತಬೇಕು, ಒಟ್ಟು 21 ಗಂಟೆ ಅಂತ ಅಲ್ಲಿಯ ಸರ್ಕಾರವೇ ಹೇಳುತ್ತದೆ. ಈ ಫೆರ್ರಿಗಳ ಬದಲು ಸೇತುವೆ, ಸುರಂಗ ಮಾಡಲು ಹೊರಟಿದ್ದಾರೆ. ಸ್ಟಾವಾಂಗರ್ ಪಕ್ಕ ಸಮುದ್ರದ ಅಡಿ ಕೊರೆಯುತ್ತಿರುವ ಒಂದು ಸುರಂಗ ಸುಮಾರು 27 ಕಿಲೋಮೀಟರ್ ಉದ್ದ, ಹೆಚ್ಚುಕಡಿಮೆ 390 ಮೀಟರ್ ಆಳ.

ನನಗೆ ಕೇಳಿದರೆ ಈ ಫೆರ್ರಿಗಳನ್ನು ತೆಗೆಯುವುದೇ ಬೇಡ. ಅಲ್ಲಿಯವರಿಗೆ ದಿನಾ ಆಫೀಸಿಗೆ ಹೋಗಬೇಕು, ಆಂಬ್ಯುಲೆನ್ಸ್ ಹೋಗಬೇಕು, ಅವರ ಕಷ್ಟ ಬೇರೆ, ಒಪ್ಪುತ್ತೇನೆ. ಆದರೆ ರಜೆಗೆ ಬಂದವರು ಫೆರ್ರಿ ಕ್ಯೂನಲ್ಲಿ ನಿಂತು "ಟೈಮ್ ವೇಸ್ಟ್" ಅಂತ ಗೊಣಗುವುದು ನನಗೆ ಅರ್ಥವೇ ಆಗುವುದಿಲ್ಲ. ಕಾರು ಆಫ್ ಮಾಡಿ ಡೆಕ್ ಮೇಲೆ ಹೋಗಿ ನಿಲ್ಲಿ. ಇಪ್ಪತ್ತು ನಿಮಿಷ ಯಾರೂ ನಿಮ್ಮನ್ನು ಓಡಿಸುವುದಿಲ್ಲ. ಎರಡೂ ಕಡೆ ಬೆಟ್ಟ ನೆಟ್ಟಗೆ ನೀರಿಗೆ ಇಳಿದಿರುತ್ತದೆ. ಬೋಟು ಸದ್ದಿಲ್ಲದೆ ಹೋಗುತ್ತದೆ, ಯಾಕೆಂದರೆ ಹಲವು ಕಡೆ ಈಗ ಅದು ಬ್ಯಾಟರಿಯ ಮೇಲೆ ಓಡುತ್ತದೆ. ಬ್ಯಾಟರಿಯಲ್ಲೇ ಓಡುವ ಕಾರ್ ಫೆರ್ರಿಯನ್ನು ಮೊದಲು ಶುರು ಮಾಡಿದ್ದೂ ಇಲ್ಲೇ, 2015ರಲ್ಲಿ, ಸೋಗ್ನೆಫ್ಯೋರ್ಡ್ ಮೇಲೆ. ಫ್ಯೋರ್ಡ್ ಅಂದರೆ ಬೆಟ್ಟಗಳ ನಡುವೆ ಒಳನಾಡಿಗೆ ನುಗ್ಗಿದ ಸಮುದ್ರದ ಕವಲು.

ನನ್ನ ಸಲಹೆ ಇಷ್ಟೇ. ಒಂದು ಫ್ಯೋರ್ಡ್ ಆರಿಸಿ, ಅಲ್ಲೇ ವಾರ ಇರಿ. ನನ್ನ ವೋಟು ಸೋಗ್ನೆಫ್ಯೋರ್ಡ್‌ಗೆ. ಸಮುದ್ರ ಒಳನಾಡಿಗೆ 200 ಕಿಲೋಮೀಟರ್‌ಗೂ ಹೆಚ್ಚು ನುಗ್ಗಿ ಬಂದಿದೆ, ಅತಿ ಆಳದ ಕಡೆ 1300 ಮೀಟರ್ ಚಿಲ್ಲರೆ. ವಿಚಿತ್ರ ಏನೆಂದರೆ ಸಮುದ್ರ ಸೇರುವ ಬಾಯಿಯ ಹತ್ತಿರ ಆಳ ತುಂಬಾ ಕಡಿಮೆ. ಹಿಮಯುಗದಲ್ಲಿ ದಪ್ಪಗೆ ಕೂತಿದ್ದ ಹಿಮನದಿ ಒಳಗೆಲ್ಲ ಕಲ್ಲನ್ನು ಕೆರೆದು ಕೆರೆದು ಕಣಿವೆ ಮಾಡಿತು, ಕಡಲ ಹತ್ತಿರ ಬಂದಾಗ ಹರಡಿ ತೆಳ್ಳಗಾಗಿ ಅದರ ಶಕ್ತಿ ಕುಂದಿತು. ಹಿಮ ಕರಗಿದ ಮೇಲೆ ಆ ಜಾಗಕ್ಕೆ ಸಮುದ್ರ ಬಂತು. ಇದನ್ನು ತಿಳಿದುಕೊಂಡು ದಡದಲ್ಲಿ ನಿಂತರೆ ಎದುರಿನ ಬೆಟ್ಟ ಅರ್ಧ ಮಾತ್ರ ಕಾಣುತ್ತಿದೆ, ಇನ್ನರ್ಧ ನೀರಿನ ಕೆಳಗಿದೆ ಅನ್ನಿಸಿ ಒಂಥರಾ ತಲೆ ತಿರುಗುತ್ತದೆ.

ಇದರ ಒಂದು ಕವಲಿನಲ್ಲಿ ಔರ್‌ಲಾಂಡ್, ಫ್ಲೋಮ್, ಉಂಡ್ರೆಡಾಲ್, ಇನ್ನೊಂದು ಕವಲಿನ ತುದಿಗೆ ಗುಡ್‌ವಾಂಗೆನ್. ಎಲ್ಲವೂ ಹತ್ತಿರ ಹತ್ತಿರ. ಫ್ಲೋಮ್‌ಗೆ ಎಲ್ಲರೂ ಹೋಗುತ್ತಾರೆ, ಕ್ರೂಸ್ ಹಡಗು ಬಂದ ದಿನ ಜಾತ್ರೆ. ಅಲ್ಲಿಂದ ಮೇಲಕ್ಕೆ ಹೋಗುವ ರೈಲು 20 ಕಿಲೋಮೀಟರ್‌ನಲ್ಲಿ 860 ಮೀಟರ್‌ಗೂ ಹೆಚ್ಚು ಏರುತ್ತದೆ, ಚೆನ್ನಾಗಿದೆ, ದುಬಾರಿ, ಒಮ್ಮೆ ಹತ್ತಿ ಇಳಿದರೆ ಆಯಿತು. ಉಂಡ್ರೆಡಾಲ್ ನನಗೆ ಅದಕ್ಕಿಂತ ಇಷ್ಟ. ಆ ಊರಿಗೆ ರಸ್ತೆ ಬಂದದ್ದೇ 1988ರಲ್ಲಿ, ಅಲ್ಲಿಯವರೆಗೆ ಬೋಟೇ ಗತಿ. ಮೇಕೆ ಹಾಲಿನ ಚೀಸ್ ಮಾಡುತ್ತಾರೆ. ಕಂದು ಬಣ್ಣದ್ದು, ಸಿಹಿಯಾಗಿ, ಹೆಚ್ಚುಕಡಿಮೆ ನಮ್ಮ ಹಾಲುಖೋವಾಕ್ಕೆ ಉಪ್ಪು ಹಾಕಿದ ಹಾಗೆ. ನಲವತ್ತು ಜನ ಕೂರುವಷ್ಟು ಪುಟ್ಟ ಮರದ ಚರ್ಚ್ ಒಂದಿದೆ, ನೂರಾರು ವರ್ಷ ಹಳೆಯದು.

ಈಗ ಸುರಂಗದ ವಿಷಯ. ಔರ್‌ಲಾಂಡ್‌ನಿಂದ ಲ್ಯಾರ್‌ಡಾಲ್‌ಗೆ 24.5 ಕಿಲೋಮೀಟರ್ ಸುರಂಗ ಇದೆ, 2000ದಲ್ಲಿ ತೆರೆದದ್ದು, ಪ್ರಪಂಚದ ಅತಿ ಉದ್ದದ ರಸ್ತೆ ಸುರಂಗ ಅಂತ ಹೆಸರು. ಡ್ರೈವರ್‌ಗೆ ಮಂಪರು ಬರಬಾರದು ಅಂತ ನಡುವೆ ಮೂರು ದೊಡ್ಡ ಗುಹೆ ಮಾಡಿ ನೀಲಿ ಬೆಳಕು ಹಾಕಿದ್ದಾರೆ. ಮ್ಯಾಪ್ ಕಣ್ಣು ಮುಚ್ಚಿಕೊಂಡು ಇದನ್ನೇ ತೋರಿಸುತ್ತದೆ, ಯಾಕೆಂದರೆ ಇಪ್ಪತ್ತು ನಿಮಿಷದಲ್ಲಿ ಆಚೆ. ಆದರೆ ಸುರಂಗ ಬರುವ ಮುಂಚಿನ ಬೆಟ್ಟದ ರಸ್ತೆ ಇನ್ನೂ ಇದೆ ಸ್ವಾಮಿ! ಚಳಿಗಾಲದಲ್ಲಿ ಮುಚ್ಚುತ್ತಾರೆ, ಬೇಸಿಗೆಗೆ ಹಿಮ ಸರಿಸಿ ತೆರೆಯುತ್ತಾರೆ. 1300 ಮೀಟರ್ ಎತ್ತರಕ್ಕೆ ಹತ್ತಿ ಇಳಿಯುತ್ತದೆ, ಜೂನ್‌ನಲ್ಲೂ ಪಕ್ಕದಲ್ಲಿ ಹಿಮದ ಗೋಡೆ ನಿಂತಿರುತ್ತದೆ. ಔರ್‌ಲಾಂಡ್ ಕಡೆಯಿಂದ ಹತ್ತುವಾಗಲೇ ಸ್ಟೇಗಾಸ್ಟೈನ್ ಸಿಗುತ್ತದೆ, ಫ್ಯೋರ್ಡ್‌ಗಿಂತ 650 ಮೀಟರ್ ಮೇಲೆ ಗಾಳಿಗೆ ಚಾಚಿದ ಮರದ ಕಟ್ಟೆ, ತುದಿಯಲ್ಲಿ ಬರೀ ಗಾಜು. ಟೂರಿಸ್ಟ್ ಬಸ್ಸುಗಳು ಅಲ್ಲೇ ತಿರುಗಿಕೊಂಡು ಕೆಳಗೆ ಹೋಗುತ್ತವೆ. ನೀವು ಮುಂದೆ ಹೋಗಿ, ನಿಜವಾದ ರಸ್ತೆ ಶುರುವಾಗುವುದೇ ಅಲ್ಲಿಂದ. ಹಲವು ಕಡೆ ಒಂದೇ ಕಾರಿನ ಅಗಲ, ಎದುರಿನವರಿಗೆ ದಾರಿ ಬಿಡಲು 'ಎಂ' ಅಂತ ಬೋರ್ಡ್ ಇರುವ ಜಾಗ ಇರುತ್ತದೆ. ಅದು ಫೋಟೋಗೆ ಕಾರು ನಿಲ್ಲಿಸುವ ಜಾಗ ಅಲ್ಲ, ದಯವಿಟ್ಟು. ಕುರಿಗಳು ರಸ್ತೆಯಲ್ಲೇ ಮಲಗಿರುತ್ತವೆ, ಹಾರ್ನ್ ಮಾಡಬೇಡಿ, ಅವಕ್ಕೂ ಏನೂ ಅನ್ನಿಸುವುದಿಲ್ಲ.

ನಡಿಗೆಗೆ ಬರೋಣ. ಎಲ್ಲರಿಗೂ ಬೇಕಾಗಿರುವುದು ಟ್ರೋಲ್‌ಟುಂಗಾ, ಪ್ರೈಕೆಸ್ಟೋಲೆನ್ ಅನ್ನುವ ಎರಡು ಬಂಡೆಗಳ ತುದಿಯಲ್ಲಿ ನಿಂತ ಫೋಟೋ. ಪ್ರೈಕೆಸ್ಟೋಲೆನ್ ಪರವಾಗಿಲ್ಲ, ಹೋಗಿ ಬರಲು ಎಂಟು ಕಿಲೋಮೀಟರ್, ನಾಲ್ಕು ಗಂಟೆ. ದಾರಿಯ ಕಲ್ಲಿನ ಮೆಟ್ಟಿಲುಗಳನ್ನು ನೇಪಾಳದಿಂದ ಬಂದ ಶೆರ್ಪಾಗಳು ಜೋಡಿಸಿದ್ದಾರೆ, ಹತ್ತುವಾಗ ಒಮ್ಮೆ ಆ ಕೆಲಸವನ್ನೂ ನೋಡಿ, ಎಂಥಾ ಕೈ! ಮೇಲೆ 604 ಮೀಟರ್ ಎತ್ತರದಲ್ಲಿ ಚಪ್ಪಟೆ ಬಂಡೆ, ಅಂಚಿಗೆ ಬೇಲಿ ಇಲ್ಲ. ಬೇಕೆಂದೇ ಹಾಕಿಲ್ಲ. ಟ್ರೋಲ್‌ಟುಂಗಾ ಮಾತ್ರ ಬೇರೆ ಲೆಕ್ಕ. ಕೆಳಗಿನ ಪಾರ್ಕಿಂಗ್‌ನಿಂದ ಹೋಗಿ ಬರಲು 27 ಕಿಲೋಮೀಟರ್, ಹತ್ತು-ಹನ್ನೆರಡು ಗಂಟೆ. 2010ರಲ್ಲಿ ವರ್ಷಕ್ಕೆ ಸಾವಿರ ಜನವೂ ಹೋಗದಿದ್ದ ಜಾಗಕ್ಕೆ 2016ರ ಹೊತ್ತಿಗೆ ಸುಮಾರು 80 ಸಾವಿರ ಜನ. ಆ ಬಂಡೆ ಮೇಲೆ ಒಬ್ಬರೇ ನಿಂತ ಫೋಟೋ ಇದೆಯಲ್ಲ, ಕ್ಯಾಮೆರಾದ ಹಿಂದೆ ದೊಡ್ಡ ಕ್ಯೂ ಇರುತ್ತದೆ.

ಸಿಟ್ಟು ಬರುವುದು ಕ್ಯೂ ನೋಡಿ ಅಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಸ್ನೀಕರ್ಸ್ ಹಾಕಿಕೊಂಡು, ಅರ್ಧ ಲೀಟರ್ ನೀರು ಹಿಡಿದು ಹತ್ತಲು ಶುರು ಮಾಡುವವರನ್ನು ನೋಡಿ. ರಾತ್ರಿ ಸಿಕ್ಕಿಹಾಕಿಕೊಂಡರೆ ಹುಡುಕಿ ತರುವವರು ರೆಡ್ ಕ್ರಾಸ್‌ನ ಸ್ವಯಂಸೇವಕರು. ದುಡ್ಡು ತೆಗೆದುಕೊಳ್ಳುವುದಿಲ್ಲ. ಮರುದಿನ ಬೆಳಿಗ್ಗೆ ಅವರಿಗೂ ಕೆಲಸ ಇರುತ್ತದೆ. 1967ರ ಈಸ್ಟರ್ ರಜೆಯಲ್ಲಿ ಬೆಟ್ಟಗಳಲ್ಲಿ 18 ಜನ ಸತ್ತ ಮೇಲೆ ಒಂದಷ್ಟು ಬೆಟ್ಟದ ನಿಯಮಗಳನ್ನು ಊರೂರಿಗೆ ಮುಟ್ಟಿಸಿದರು. ಈಗಿನ ಪಟ್ಟಿಯಲ್ಲಿ ಒಂಬತ್ತಿವೆ. ಸಮಯಕ್ಕೆ ಸರಿಯಾಗಿ ಹಿಂದಿರುಗಿ, ಅದರಲ್ಲಿ ಅವಮಾನ ಇಲ್ಲ ಅನ್ನುವುದು ಅದರಲ್ಲೊಂದು. ಅಲ್ಲಿಯ ಮಕ್ಕಳಿಗೂ ಬಾಯಿಪಾಠ. ಆದರೆ ಐದನೇ ದಿನ ಟ್ರೋಲ್‌ಸ್ಟಿಗೆನ್ ಹೋಟೆಲ್ ಬುಕ್ ಆಗಿರುವವರು ಹಿಂದಿರುಗುವುದಿಲ್ಲ. ಮಳೆ ಬಂದರೂ ಹತ್ತುತ್ತಾರೆ, ಯಾಕೆಂದರೆ ಅವರ ಬಳಿ ಇರುವುದು ಅದೊಂದೇ ದಿನ. ಒಂದೇ ಕಡೆ ವಾರ ಇದ್ದರೆ ಇವತ್ತು ಬೇಡ, ನಾಡಿದ್ದು ಬಿಸಿಲಿದೆ ಅಂತ ಕಾಫಿ ಕುಡಿದು ಕೂರಬಹುದು. ಶಿರಸಿ ಕಡೆ ಹುಟ್ಟಿದ ನನಗೆ ಮಳೆ ಹೊಸದಲ್ಲ, ಆದರೆ ಅಲ್ಲಿಯದು ಹತ್ತು ಡಿಗ್ರಿ ಚಳಿಯಲ್ಲಿ ಅಡ್ಡಡ್ಡ ಹೊಡೆಯುವ ಮಳೆ.

ರಸ್ತೆಗಳಿಗೂ ಇದೇ ಮಾತು. ಟ್ರೋಲ್‌ಸ್ಟಿಗೆನ್ 1936ರಿಂದ ಇರುವ ಹನ್ನೊಂದು ತಿರುವಿನ ರಸ್ತೆ, 2024ರಲ್ಲಿ ಕಲ್ಲು ಉರುಳುತ್ತದೆ ಅಂತ ಸೀಸನ್ ನಡುವೆಯೇ ಮುಚ್ಚಿದರು. ಗೈರಾಂಗರ್ ಇನ್ನೂ ವಿಚಿತ್ರ. ಆ ಚಂದದ ಫ್ಯೋರ್ಡ್‌ನ ಹತ್ತಿರ ಓಕರ್ನೆಸ್ ಅನ್ನುವ ಬೆಟ್ಟ ಬಿರುಕು ಬಿಟ್ಟು ನಿಧಾನವಾಗಿ ಜಾರುತ್ತಿದೆ, ಹಗಲು ರಾತ್ರಿ ಅಳೆಯುತ್ತಿರುತ್ತಾರೆ. ಬಿದ್ದರೆ ನೀರು ಸುನಾಮಿಯಾಗಿ ಊರಿಗೆ ನುಗ್ಗುತ್ತದೆ. ಕಟ್ಟುಕಥೆ ಅಲ್ಲ, ಪಕ್ಕದ ತಾಫ್ಯೋರ್ಡ್‌ನಲ್ಲಿ 1934ರಲ್ಲಿ ಹೀಗೇ ಆಗಿ 40 ಜನ ಹೋದರು.

ಔರ್‌ಲಾಂಡ್‌ನಲ್ಲಿ ಇದ್ದರೆ ನಾನು ಕಳಿಸುವುದು ಔರ್‌ಲಾಂಡ್ಸ್‌ಡಾಲೆನ್‌ಗೆ. ಓಸ್ಟರ್‌ಬೋಯಿಂದ ವಾಸ್‌ಬಿಗ್ಡಿವರೆಗೆ ಕಣಿವೆಯಲ್ಲಿ ಸುಮಾರು 20 ಕಿಲೋಮೀಟರ್, ಹೆಚ್ಚಾಗಿ ಇಳಿಜಾರು, ಹಾಗಂತ ಮಂಡಿಗೆ ಸುಲಭ ಅಲ್ಲ. ಕೆಂಪು 'ಟಿ' ಗುರುತು ನೋಡಿಕೊಂಡು ಹೋಗುವುದು. ಬಂಡೆಯಂಚಿಗೆ ಅಂಟಿಕೊಂಡ ಹಳೆಯ ತೋಟದ ಮನೆಗಳು ಸಿಗುತ್ತವೆ. ಇಲ್ಲಿ ಹೆಂಗಪ್ಪಾ ದನ ಕಟ್ಟುತ್ತಿದ್ದರು, ಮಕ್ಕಳನ್ನು ಹೇಗೆ ಬೆಳೆಸಿದರು ಅಂತ ನಿಂತು ನೋಡುತ್ತೀರಿ. ಬೇಸಿಗೆಯಲ್ಲಿ ಬಸ್ ಓಡುತ್ತದೆ, ಕಾರು ಒಂದು ಕಡೆ ಬಿಟ್ಟರೂ ತೊಂದರೆ ಇಲ್ಲ.

"ಅಷ್ಟು ದೂರ ಹೋಗಿ, ಅಷ್ಟು ದುಡ್ಡು ಹಾಕಿ, ಒಂದೇ ಕಡೆನಾ?" ಅಂತ ಕೇಳುತ್ತೀರಿ, ಗೊತ್ತು. ಜೀವನದಲ್ಲಿ ಒಂದೇ ಸಲ ಹೋಗುವುದು, ಎಲ್ಲ ನೋಡಿಬಿಡೋಣ ಅನ್ನಿಸುವುದು ಸಹಜ. ವೀಸಾಗೆ ಅಲೆದಿರುತ್ತೀರಿ, ಅಪ್ಪ-ಅಮ್ಮನನ್ನೂ ಕರೆತಂದಿರುತ್ತೀರಿ. ಆದರೆ ದುಡ್ಡಿನ ಲೆಕ್ಕದಲ್ಲೂ ನನ್ನ ಮಾತೇ ಸರಿ. ದಿನಾ ಹೋಟೆಲ್ ಬದಲಿಸುವುದಕ್ಕಿಂತ ಅಡುಗೆಮನೆ ಇರುವ ಕ್ಯಾಬಿನ್ ಒಂದನ್ನು ವಾರಕ್ಕೆ ಹಿಡಿದರೆ ಎಷ್ಟೋ ಉಳಿಯುತ್ತದೆ. ಅಕ್ಕಿ, ಬೇಳೆ, ಚಟ್ನಿಪುಡಿ ಇದ್ದರೆ ಮುಗಿಯಿತು. ಹೊರಗಿನ ಒಂದು ಊಟದ ಬೆಲೆಗೆ ಎರಡು ದಿನದ ದಿನಸಿ ಬರುತ್ತದೆ. ಟೆಂಟ್ ಇದ್ದರಂತೂ ಬಾಡಿಗೆಯೂ ಇಲ್ಲ. ಬೇಲಿ ಹಾಕದ, ಉಳುಮೆ ಮಾಡದ ಜಾಗದಲ್ಲಿ, ಮನೆಗಳಿಂದ 150 ಮೀಟರ್ ದೂರದಲ್ಲಿ ಯಾರನ್ನೂ ಕೇಳದೆ ಎರಡು ರಾತ್ರಿ ಟೆಂಟ್ ಹಾಕಬಹುದು, 1957ರ ಕಾನೂನು ಕೊಟ್ಟ ಹಕ್ಕು ಅದು. ಕ್ಯಾಂಪರ್ ವ್ಯಾನ್‌ಗೆ ಅದು ಅನ್ವಯಿಸುವುದಿಲ್ಲ, ಹಾಗಾಗಿ ವ್ಯಾನ್ ತಂದು ಯಾರದೋ ಗದ್ದೆ ಪಕ್ಕ ನಿಲ್ಲಿಸಿ ಹಕ್ಕಿನ ಭಾಷಣ ಮಾಡಬೇಡಿ. ಏಪ್ರಿಲ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಕಾಡಿನಲ್ಲಿ, ಕಾಡಿನ ಹತ್ತಿರ ಬೆಂಕಿ ಹಾಕುವಂತಿಲ್ಲ.

ಜುಲೈಗೆ ಹೋಗುವವರು ಕ್ಯಾಬಿನ್ ಬೇಗ ನೋಡಿಕೊಳ್ಳಿ, ಆಮೇಲೆ ಸಿಗುವುದಿಲ್ಲ. ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಊರಿನ ಆರ್‌ಟಿಒದಲ್ಲೇ ಮಾಡಿಸಿಕೊಂಡು ಬನ್ನಿ. ರಸ್ತೆಯ ಬಲಗಡೆ ಓಡಿಸುವುದು, ಹಗಲಲ್ಲೂ ಹೆಡ್‌ಲೈಟ್ ಹಾಕಿರಬೇಕು. ಟೋಲ್‌ನಲ್ಲಿ ನಿಲ್ಲಿಸುವುದಿಲ್ಲ, ನಂಬರ್ ಪ್ಲೇಟ್ ಫೋಟೋ ತೆಗೆದು ಬಿಲ್ ಆಮೇಲೆ ಬರುತ್ತದೆ. ಶನಿವಾರವೇ ಹಾಲು, ಮೊಸರು ತಂದಿಟ್ಟುಕೊಳ್ಳಿ, ಭಾನುವಾರ ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ.