ನೀಲಿ ಬಾಟಲಿ, ಹಸಿರು ಬಾಟಲಿ

ಮಂಗಳೂರಿನ ವೈನ್ ಶಾಪಿನಲ್ಲಿ ಜಿನ್ ಕೇಳಿದವನಿಗೆ ಮೊದಲು ಎದುರಾಗುವುದು ಬಣ್ಣದ ಪ್ರಶ್ನೆ. "ನೀಲಿಯದ್ದು ಕೊಡಬೇಕಾ, ಹಸಿರಿನದ್ದಾ?" ಎಂದು ಕೌಂಟರಿನ ಹುಡುಗ ಕೇಳುತ್ತಾನೆ. ಎರಡರೊಳಗೂ ಇರುವುದು ಬಣ್ಣವೇ ಇಲ್ಲದ ದ್ರವ, ಬಣ್ಣವೆಲ್ಲ ಗಾಜಿನದು. ರಮ್, ಬ್ರಾಂದಿ, ವಿಸ್ಕಿಗಳಿಗೆ ಇಲ್ಲಿ ಗೋಡೆಯುದ್ದಕ್ಕೂ ಸ್ಥಾನಮಾನವಿದೆ, ಜಿನ್‌ಗೆ ವೋಡ್ಕಾದ ಪಕ್ಕದಲ್ಲಿ ಒಂದು ಮೂಲೆ. ಹಿಂದೆ ನಿಂತವರು ನೋಟು ಹಿಡಿದ ಕೈಯನ್ನು ನಿಮ್ಮ ಭುಜದ ಮೇಲಿಂದ ಚಾಚಿ "ಒಂದು ಕ್ವಾರ್ಟರ್" ಎನ್ನುತ್ತಿರುವಾಗ ಲೇಬಲ್ ಓದುತ್ತ ನಿಲ್ಲುವುದು ಸಭ್ಯತೆಯಲ್ಲ. ಮೂಸಿ ನೋಡುವ ಮಾತಂತೂ ಇಲ್ಲವೇ ಇಲ್ಲ. ಬಂಗುಡೆಯ ಕಿವಿರು ಎತ್ತಿ ನೋಡದೆ ದುಡ್ಡು ಬಿಚ್ಚದ ಊರು ನಮ್ಮದು. ಅದರ ಎಷ್ಟೋ ಪಟ್ಟು ಬೆಲೆಯ ಬಾಟಲಿಯನ್ನು ಮಾತ್ರ ಗಾಜಿನ ಚಂದ ನೋಡಿ ಕೊಂಡು, ಪೇಪರಿನಲ್ಲಿ ಸುತ್ತಿಸಿಕೊಂಡು ಬರುತ್ತೇವೆ.

ಓದುವುದನ್ನು ಮನೆಯಲ್ಲೇ ಓದಿ ಮುಗಿಸಿ ಹೋಗುವುದು ಲೇಸು. ಓದಲು ಹೆಚ್ಚೇನೂ ಇಲ್ಲ. ಧಾನ್ಯದಿಂದಲೋ ಕಾಕಂಬಿಯಿಂದಲೋ ಬಟ್ಟಿ ಇಳಿಸಿದ, ತನ್ನದೆಂಬ ರುಚಿಯಿಲ್ಲದ ಮದ್ಯಸಾರಕ್ಕೆ ಜೂನಿಪರ್ ಎಂಬ ಕಾಯಿಯ ಪರಿಮಳ ಹಿಡಿಸಿದರೆ ಅದು ಜಿನ್. ಉಳಿದದ್ದೆಲ್ಲ ತಯಾರಕನ ಮರ್ಜಿ. ಜೂನಿಪರ್ ಮಾತ್ರ ಕಡ್ಡಾಯ. ಪೈನ್, ದೇವದಾರುಗಳ ನೆಂಟನಾದ ಈ ಪೊದೆ ನಮ್ಮ ಸೆಕೆಯಲ್ಲಿ ಬದುಕುವಂಥದ್ದಲ್ಲ, ಹಿಮಾಲಯದ ಎತ್ತರಕ್ಕೆ ಹೋದರೆ ಸಿಗುತ್ತದೆ. ಹಾಗೆಂದು ಅದರ ವಾಸನೆ ನಮಗೆ ತೀರ ಅಪರಿಚಿತವೇನಲ್ಲ. ಜೂನಿಪರಿನ ಘಾಟಿಗೆ ಕಾರಣವಾದ ಪೈನೀನ್ ಎಂಬ ತೈಲಾಂಶ ಕರಿಮೆಣಸಿನಲ್ಲೂ ಇದೆ, ಜಾಯಿಕಾಯಿಯಲ್ಲೂ ಇದೆ. ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯಿಂದ ಹಸಿ ಮೆಣಸನ್ನು ಕಿತ್ತು ಉಗುರಿನಲ್ಲಿ ಚಿವುಟಿ ಮೂಸಿದವರಿಗೆ ಜಿನ್ನಿನ ಅರ್ಧ ಪಾಠ ಆದ ಹಾಗೆಯೇ.

ಇನ್ನರ್ಧ ಅಡುಗೆಮನೆಯಲ್ಲಿದೆ. ನೀಲಿ ಬಾಟಲಿಯ ಬಾಂಬೆ ಸಫೈರ್ ತನ್ನೊಳಗಿನ ಹತ್ತು ದ್ರವ್ಯಗಳನ್ನು ಮುಚ್ಚಿಡದೆ ಹೇಳುತ್ತದೆ: ಜೂನಿಪರ್, ಕೊತ್ತಂಬರಿ, ನಿಂಬೆ ಸಿಪ್ಪೆ, ಬಾದಾಮಿ, ಜ್ಯೇಷ್ಠಮಧು, ದಾಲ್ಚಿನ್ನಿಯ ಜಾತಿಯ ಒಂದು ಚಕ್ಕೆ, ಬಾಲಮೆಣಸು, ಆಫ್ರಿಕಾದ ಒಂದು ಬಗೆಯ ಮೆಣಸಿನಂಥ ಕಾಳು, ಏಂಜೆಲಿಕಾ ಬೇರು, ಐರಿಸ್ ಗೆಡ್ಡೆ. ರಥಬೀದಿಯಿಂದ ಬಂದರಿನವರೆಗೆ ಒಂದು ಸುತ್ತು ಹಾಕಿ, ಒಂದು ಗ್ರಂಧಿಗೆ ಅಂಗಡಿಗೆ ನುಗ್ಗಿ ಬಂದರೆ ಇವುಗಳಲ್ಲಿ ಆರು ಚೀಲಕ್ಕೆ ಬಿದ್ದಿರುತ್ತವೆ.

ಜೂನಿಪರಿನ ನಂತರದ ಪಟ್ಟ ಹೆಚ್ಚಿನ ಜಿನ್‌ಗಳಲ್ಲಿ ಕೊತ್ತಂಬರಿ ಬೀಜಕ್ಕೆ. ನಾವು ದಿನಬೆಳಗಾದರೆ ಬಳಸುವ ಕೊತ್ತಂಬರಿಯ ನಿಜವಾದ ಪರಿಮಳ ನಮಗೇ ಗೊತ್ತಿಲ್ಲವೆಂಬುದು ನನ್ನ ಗುಮಾನಿ. ಗಸಿಗೋ ಸಾರಿಗೋ ಅದನ್ನು ಎಣ್ಣೆಯಲ್ಲಿ ಹುರಿದೇ ಹಾಕುವವರು ನಾವು. ಹುರಿದ ಕೂಡಲೇ ಅದು ಬೇರೆಯೇ ವಸ್ತುವಾಗುತ್ತದೆ. ಹುರಿಯದ ಬೀಜವನ್ನು ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ಹೆಬ್ಬೆರಳಿನಿಂದ ಒಡೆಯಬೇಕು. ಸಿಪ್ಪೆ ಎರಡು ಹೋಳಾಗುತ್ತಿದ್ದಂತೆ ಮೊದಲು ಬರುವುದು ಕಿತ್ತಳೆ ಸಿಪ್ಪೆಯ ಘಮ, ಅದರ ಹಿಂದೆ ಹೂವಿನದೊಂದು ಎಳೆ, ಮಸಾಲೆಯ ಖಾರ ಎಲ್ಲಕ್ಕಿಂತ ಕೊನೆಗೆ. ಲಿನಲೂಲ್ ಎಂಬ ತೈಲಾಂಶದ ಕೆಲಸ ಅದು. ಜಿನ್ನಿನಲ್ಲಿ ನಿಂಬೆ ಹಿಂಡದೆಯೂ ನಿಂಬೆ ಕಂಡಂತಾಗುವುದಕ್ಕೆ ಬಹುಪಾಲು ಕಾರಣ ಈ ಬೀಜವೇ.

ಈಗ ಲೇಬಲ್ಲಿನ ಮಾತು. 'ಲಂಡನ್ ಡ್ರೈ' ಎಂದು ಬರೆದಿದ್ದರೆ ಅದು ಲಂಡನ್ನಿನಿಂದ ಬಂದದ್ದೆಂದು ತಿಳಿಯಬೇಕಾಗಿಲ್ಲ. ಬೆಂಗಳೂರಿನ ಹೋಟೆಲಿನಲ್ಲಿ ನಮ್ಮ ಗೋಳಿಬಜೆಯನ್ನು 'ಮಂಗಳೂರು ಬಜ್ಜಿ' ಎಂಬ ಹೆಸರಿನಲ್ಲಿ ತಿಂದು ಬಂದವರಿಗೆ ಇದನ್ನು ಬಿಡಿಸಿ ಹೇಳುವುದೂ ಬೇಡ. ಅದು ಊರಲ್ಲ, ವಿಧಾನ. ಐರೋಪ್ಯ ಒಕ್ಕೂಟದ ನಿಯಮದ ಪ್ರಕಾರ ಲಂಡನ್ ಜಿನ್ನಿನ ಪರಿಮಳವೆಲ್ಲ ಮದ್ಯಸಾರವನ್ನು ಸಸ್ಯದ್ರವ್ಯಗಳ ಜೊತೆಯಲ್ಲೇ ಮರಳಿ ಬಟ್ಟಿ ಇಳಿಸುವಾಗ ಬರಬೇಕು. ಆಮೇಲೆ ನೀರು, ಅದೇ ದರ್ಜೆಯ ಮದ್ಯಸಾರ ಬಿಟ್ಟರೆ ಎಸೆನ್ಸಿಲ್ಲ, ಬಣ್ಣವಿಲ್ಲ. ಸಕ್ಕರೆ ಲೀಟರಿಗೆ 0.1 ಗ್ರಾಂ ದಾಟುವಂತಿಲ್ಲ. 'ಡಿಸ್ಟಿಲ್ಡ್ ಜಿನ್' ಆದರೆ ಬಟ್ಟಿಯ ನಂತರವೂ ಪರಿಮಳ ಸೇರಿಸಬಹುದು. ಬರೀ 'ಜಿನ್' ಎಂದಿದ್ದರೆ ಮದ್ಯಸಾರಕ್ಕೆ ಎಸೆನ್ಸ್ ಕಲಕಿದ್ದೂ ಆಗಿರಬಹುದು, ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. 2017ರಲ್ಲಿ ಗೋವಾದಿಂದ ಬಂದ ಗ್ರೇಟರ್ ದ್ಯಾನ್ ಕೂಡ ಲಂಡನ್ ಡ್ರೈಯೇ. ಕೊಂಕಣ ರೈಲಿನಲ್ಲಿ ಹಗಲು ಹೊತ್ತಿನಲ್ಲೇ ಮುಟ್ಟುವಷ್ಟು ಹತ್ತಿರದ ಲಂಡನ್ ಅದು.

ಮಿಕ್ಕ ಶೈಲಿಗಳು ನಮ್ಮ ಅಂಗಡಿಗಳಿಗೆ ಬರುವುದು ಅಪರೂಪವಾದ್ದರಿಂದ ಅವನ್ನು ಬೇಗ ಮುಗಿಸಬಹುದು. ನೆದರ್ಲೆಂಡ್ಸ್, ಬೆಲ್ಜಿಯಂಗಳ ಯೆನೇವರ್ ಎಲ್ಲಕ್ಕೂ ಹಿರಿಯ. ಮೊಳಕೆ ಧಾನ್ಯದ ಮದ್ಯ ಸೇರಿರುವುದರಿಂದ ಅದು ವಿಸ್ಕಿಯವರ ಬಾಯಿಗೆ ಹತ್ತಿರ. ಓಲ್ಡ್ ಟಾಮ್ ಸಿಹಿಯದ್ದು. ಹಳೆಯ ಕಾಲದ ಮದ್ಯಸಾರದ ಒರಟುತನವನ್ನು ಮುಚ್ಚಲು ಸಕ್ಕರೆ ಬೇಕಿತ್ತು. 1830ರಲ್ಲಿ ಈನಿಯಸ್ ಕಾಫಿ ಎಂಬ ಐರಿಷ್ ಮನುಷ್ಯ ಸ್ತಂಭದಾಕಾರದ ಬಟ್ಟಿಯಂತ್ರಕ್ಕೆ ಪೇಟೆಂಟ್ ಪಡೆದ. ಆಮೇಲೆ ಶುದ್ಧ ಮದ್ಯಸಾರ ಧಾರಾಳವಾಯಿತು, ಸಕ್ಕರೆಯ ಅಗತ್ಯ ತಪ್ಪಿತು, 'ಡ್ರೈ' ಹುಟ್ಟಿತು. ಕುಡಿತದ ಚರಿತ್ರೆಯಲ್ಲೂ ಕಾಫಿಯ ಹೆಸರು ಬರೆದಿಟ್ಟುಕೊಳ್ಳಬೇಕಾಗಿ ಬಂದದ್ದು ಚಿಕ್ಕಮಗಳೂರಿನವರಿಗೆ ಖುಷಿ ಕೊಡಬಹುದು. ಇಂಗ್ಲೆಂಡಿನ ಪ್ಲಿಮತ್‌ನಲ್ಲಿ 1793ರಿಂದಲೂ ಒಂದೇ ಕಡೆ ಬಟ್ಟಿ ಇಳಿಸುತ್ತ ಬಂದ, ತುಸು ಮೃದುವಾದ ಜಿನ್ ಬೇರೆಯದೇ ಇದೆ. ಗುಲಾಬಿ ಬಣ್ಣದ, ಸ್ಟ್ರಾಬೆರಿ ವಾಸನೆಯ ಜಿನ್‌ಗಳ ಬಗ್ಗೆ ನನ್ನದು ಮೌನ.

'ನೇವಿ ಸ್ಟ್ರೆಂತ್' ಎಂದರೆ ಮದ್ಯಾಂಶ ಶೇಕಡಾ 57. ಕೋವಿಮದ್ದಿನ ಮೇಲೆ ಚೆಲ್ಲಿದರೂ ಮದ್ದು ಹೊತ್ತಿಕೊಳ್ಳಬೇಕು, ಅಷ್ಟು ತೀಕ್ಷ್ಣವಾದದ್ದೇ ನೂರು ಪ್ರೂಫ್ ಎಂಬುದು ಇಂಗ್ಲಿಷರ ಹಳೆಯ ಪ್ರತೀತಿ. ಇದು ನಮಗೆ ಸಂಬಂಧಪಡದ ಪುರಾಣವೆಂದುಕೊಳ್ಳಬೇಡಿ. ನಮ್ಮ ಬಾಟಲಿಗಳ ಮೇಲೆ ಕಾಣುವ 42.8 ಎಂಬ ವಿಚಿತ್ರ ಅಂಕಿ ಅಲ್ಲಿಂದಲೇ ಬಂದದ್ದು, ನೂರು ಪ್ರೂಫ್ ಎಂದರೆ ಶೇಕಡಾ 57.1, ಅದರ ಮುಕ್ಕಾಲು ಪಾಲೇ ಇದು. ನೌಕಾಪಡೆ ಹೋಯಿತು, ಪ್ರೂಫ್ ಹೋಯಿತು, ದಶಮಾಂಶ ಮಾತ್ರ ಅಬಕಾರಿಯ ಕೈಯಲ್ಲಿ ಉಳಿಯಿತು. ಜಿನ್ನಿನ ಮಟ್ಟಿಗೆ ಇದು ಒಳ್ಳೆಯದೇ ಆಯಿತು. ಯುರೋಪಿನಲ್ಲಿ 37.5ರವರೆಗೂ ಇಳಿಸಬಹುದು. ಪರಿಮಳದ ಎಣ್ಣೆಗಳಿಗೆ ಮದ್ಯಸಾರವೇ ಆಸರೆಯಾದ್ದರಿಂದ, ಅಷ್ಟು ತೆಳುವಾದದ್ದಕ್ಕೆ ಟಾನಿಕ್ ಎಂಬ ಕಹಿ ಸೋಡಾ ಸುರಿದರೆ ಜೂನಿಪರನ್ನು ಹುಡುಕಬೇಕಾಗುತ್ತದೆ.

ನಿಜವಾದ ಗೊಂದಲವಿರುವುದು ಹೊಸ ಶೈಲಿಯ ಜಿನ್‌ಗಳಲ್ಲಿ. 1999ರಲ್ಲಿ ಸ್ಕಾಟ್ಲೆಂಡಿನ ಹೆಂಡ್ರಿಕ್ಸ್ ಸೌತೆಕಾಯಿ ಮತ್ತು ಗುಲಾಬಿಯನ್ನು ತಂದು ಮುಂದೆ ಕೂರಿಸಿದ ಮೇಲೆ ಜೂನಿಪರ್ ಹಿಂದಿನ ಬೆಂಚಿಗೆ ಸರಿದ ಜಿನ್‌ಗಳು ಸಾಲುಸಾಲಾಗಿ ಬಂದವು. ಜರ್ಮನಿಯ ಮಂಕಿ 47ರಲ್ಲಿ ದ್ರವ್ಯಗಳೂ 47, ಮದ್ಯಾಂಶವೂ ಶೇಕಡಾ 47. ಗೋವಾದ ಸ್ಟ್ರೇಂಜರ್ ಆ್ಯಂಡ್ ಸನ್ಸ್ ಕರಿಮೆಣಸು, ಜಾಯಿಕಾಯಿ, ಜಾಪತ್ರೆಗಳನ್ನು ಹಾಕಿ ನಮ್ಮ ಮೂಗಿಗೇ ಗುರಿಯಿಟ್ಟಿದೆ. ಹಪುಸಾ ಹಿಮಾಲಯದ ಜೂನಿಪರನ್ನೇ ಬಳಸುತ್ತದೆ. ಇವುಗಳಲ್ಲಿ ಒಳ್ಳೆಯವು ಖಂಡಿತ ಇವೆ. ಆದರೆ ದ್ರವ್ಯಗಳ ಸಂಖ್ಯೆ ನೋಡಿ ಬೆರಗಾಗುವುದು ಬೇಡ. ಹಸಿರು ಬಾಟಲಿಯ ಟ್ಯಾಂಕರೆಯಲ್ಲಿರುವುದು ಜೂನಿಪರ್, ಕೊತ್ತಂಬರಿ, ಏಂಜೆಲಿಕಾ, ಜ್ಯೇಷ್ಠಮಧು, ನಾಲ್ಕೇ ನಾಲ್ಕು. ನನ್ನ ಮೂಗಿಗೆ ಅದರಷ್ಟು ಸ್ಪಷ್ಟವಾಗಿ ಮಾತಾಡುವುದು ಬೇರೊಂದಿಲ್ಲ.

ಯಾವುದನ್ನು ಕೊಳ್ಳಬೇಕೆಂಬುದು ಗ್ಲಾಸಿಗೆ ಇನ್ನೇನು ಬೀಳುತ್ತದೆ ಎಂಬುದರ ಮೇಲೆ ನಿಂತಿದೆ. ಟಾನಿಕ್ ಆದರೆ ಲಂಡನ್ ಡ್ರೈ. ಟಾನಿಕ್ಕಿನ ಕಹಿ ಮತ್ತು ಸಕ್ಕರೆಗೆ ಎದುರು ನಿಲ್ಲಲು ಗಟ್ಟಿ ಜೂನಿಪರೇ ಬೇಕು. ಆ ಕಹಿ ಕ್ವಿನೈನಿನದು. ಮಲೇರಿಯಾಕ್ಕೆ ಹೆದರಿದ ಬ್ರಿಟಿಷರು ಅದನ್ನು ನುಂಗಲು ಜಿನ್ ಬೆರೆಸಿದ ಕಥೆಯನ್ನು ಮಂಗಳೂರಿನಲ್ಲಿ, ಅದೂ ಮಳೆಗಾಲದಲ್ಲಿ, ಯಾರಾದರೊಬ್ಬರು ಕಣ್ಣು ಮಿಟುಕಿಸಿ ಹೇಳಿಯೇ ಹೇಳುತ್ತಾರೆ. ಮಲೇರಿಯಾ ನಮಗೆ ಅಷ್ಟು ಪರಿಚಿತ. ಲೆಕ್ಕ ಮಾತ್ರ ಅವರ ಪರವಾಗಿಲ್ಲ. ಅಮೆರಿಕದ ನಿಯಮದಂತೆ ಲೀಟರ್ ಟಾನಿಕ್ಕಿನಲ್ಲಿ ಸುಮಾರು 83 ಮಿಲಿಗ್ರಾಂಗಿಂತ ಹೆಚ್ಚು ಕ್ವಿನೈನ್ ಇರುವಂತಿಲ್ಲ. ಕ್ವಿನೈನಿನಿಂದಲೇ ಚಿಕಿತ್ಸೆ ನಡೆದರೆ ದೊಡ್ಡವರಿಗೆ ದಿನಕ್ಕೆ ಬೇಕಾಗುವುದು ಎರಡು ಗ್ರಾಂಗಳ ಹತ್ತಿರ, ಎಂದರೆ ಇಪ್ಪತ್ತು ಲೀಟರಿಗೂ ಮೇಲೆ. ಜ್ವರ ಬಂದರೆ ವೆನ್ಲಾಕ್ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸುವುದೇ ವಾಸಿ.

ನನ್ನ ಭಾವ ದುಬೈಯಿಂದ ಬಜ್ಪೆಗೆ ಇಳಿಯುವಾಗ ಕಾನೂನು ಕೊಟ್ಟ ಎರಡು ಲೀಟರಿನ ಹಕ್ಕನ್ನು ಒಂದು ಮಿಲಿಯೂ ಬಿಡದೆ ಚಲಾಯಿಸುವವರು. ಈ ಸಲ ಗುಲಾಬಿ, ಏಲಕ್ಕಿ ಎಂದೆಲ್ಲ ಬರೆದ ದುಬಾರಿ ಬಾಟಲಿಯೊಂದು ಬಂದಿತ್ತು. ಅವರು ಅದನ್ನು ಅಕ್ಕ ಮಾಡಿದ ಪುನರ್ಪುಳಿ ಶರಬತ್ತಿಗೆ ಬೆರೆಸಿದರು.

"ಎಂತ ಭಾವ, ಊದುಬತ್ತಿ ತಿಂದ ಹಾಗೆ ಆಗುತ್ತದಲ್ಲ?" ಎಂದರು.

"ಪುನರ್ಪುಳಿಗೆ ಸಾದಾ ಜಿನ್ ಸಾಕು, ಭಾವ. ಇದನ್ನು ನೀರಿನಲ್ಲಿ ಕುಡಿಯಿರಿ" ಎಂದೆ.

ಅದು ಉಡಾಫೆಯ ಮಾತಾಗಿರಲಿಲ್ಲ. ಹೊಸ ಬಾಟಲಿಯನ್ನು ಪರೀಕ್ಷಿಸುವ ದಾರಿಯೇ ಅದು: ಐಸಿಲ್ಲದೆ ಒಂದು ಚಮಚ ಜಿನ್, ಅಷ್ಟೇ ನೀರು. ಮದ್ಯದ ಉರಿ ತಗ್ಗಿ ಒಳಗಿದ್ದದ್ದೆಲ್ಲ ಮೂಗಿಗೆ ಬರುತ್ತದೆ. ಭಾವನವರ ಬಾಟಲಿ ಆ ಪರೀಕ್ಷೆಯಲ್ಲಿ ಚೆನ್ನಾಗಿಯೇ ತೇರ್ಗಡೆಯಾಯಿತು. ಏಲಕ್ಕಿಯ ಹಿಂದೆ ಜೂನಿಪರ್ ಸಂಕೋಚದಿಂದ ನಿಂತಿತ್ತು. ಪುನರ್ಪುಳಿಯ ಹುಳಿಗೆ ಬೇಕಾದದ್ದು ಅಂಗಡಿಯ ಅಗ್ಗದ ಲಂಡನ್ ಡ್ರೈ, ಚಿಟಿಕೆ ಉಪ್ಪು, ಸೋಡಾ. ಕಾಣೆ ರವಾ ಫ್ರೈ ಜೊತೆಗಿದ್ದರಂತೂ ಬೇರೆ ಮಾತಿಲ್ಲ. ಸೆಕೆಯಲ್ಲಿ ಅದು ಶರಬತ್ತಿನಂತೆಯೇ ಇಳಿದುಹೋಗುವುದರಿಂದ ಅಳತೆಯ ಮುಚ್ಚಳವನ್ನು ಅಕ್ಕನ ಕೈಯಲ್ಲೇ ಬಿಡುವುದೆಂದು ನಮ್ಮಲ್ಲಿ ಒಪ್ಪಂದವಾಗಿದೆ, ಭಾವನವರ ಸಹಿ ಮಾತ್ರ ಇನ್ನೂ ಬಿದ್ದಿಲ್ಲ.